‘ವೈರಲ್’ ಎಂಬ ಗ್ರಂಥವೂ ಒಂದು ಲಕ್ಷಣವಾಕ್ಯದ ವಿವಾದವೂ

ರೋಗದ ಮೂಲವನ್ನು ಕುರಿತ ಗ್ರಂಥವೊಂದನ್ನು ಸಾಹಿತ್ಯ ಸಂಘದ ಮಾಸಪತ್ರಿಕೆಯಲ್ಲಿ ವಿಮರ್ಶಿಸುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಈ ಗ್ರಂಥವು ಎಬ್ಬಿಸುವ ಚರ್ಚೆಯ ಗರ್ಭದಲ್ಲಿರುವುದು ಶಬ್ದಾರ್ಥದ ಜಗಳ. ಅದು ನಮ್ಮ ಮನೆಯ ವಿದ್ಯೆ. ಆದುದರಿಂದ ನನಗೆ ಸಂಕೋಚವೇನೂ ತೋರಲಿಲ್ಲ.

ಅಲೀನಾ ಚಾನ್ ಎಂಬ ಜೀವವಿಜ್ಞಾನಿಯೂ ಮ್ಯಾಟ್ ರಿಡ್ಲಿ ಎಂಬ ಆಂಗ್ಲ ಲೇಖಕರೂ ಕೂಡಿ ಬರೆದ ‘ವೈರಲ್’ 2021ರ ನವೆಂಬರಿನಲ್ಲಿ ಪ್ರಕಟವಾಯಿತು. ಕೋವಿಡ್ ವ್ಯಾಧಿಯು ಎಲ್ಲಿಂದ ಬಂದಿತೆಂಬ ಶೋಧವೇ ಅದರ ವಸ್ತು. ಕಥಾರಂಭವಾಗುವುದು ವೂಹಾನ್ ನಗರದಲ್ಲಲ್ಲ. ಯುನ್ನಾನ್ ಪ್ರಾಂತದ ಮೋಜಿಯಾಂಗಿನ ಪಾಳುಬಿದ್ದ ತಾಮ್ರದ ಗಣಿಯಲ್ಲಿ. 2012ರಲ್ಲಿ ಅಲ್ಲಿ ಬಾವಲಿಗಳ ಹಿಕ್ಕೆಯನ್ನು ಬಳಿಯುತ್ತಿದ್ದ ಆರು ಮಂದಿ ಕೂಲಿಗಳು ಶ್ವಾಸಕೋಶದ ರೋಗಕ್ಕೆ ತುತ್ತಾದರು, ಮೂವರು ತೀರಿಕೊಂಡರು. ಆ ಗಣಿಯ ಬಾವಲಿಗಳಿಂದ ವೂಹಾನಿನ ವೈರಾಣು ಸಂಸ್ಥೆಯವರು ಸಂಗ್ರಹಿಸಿಟ್ಟಿದ್ದ ಮಾದರಿಗಳಲ್ಲೊಂದು ಕೋವಿಡ್ ವೈರಾಣುವನ್ನು ನೂರಕ್ಕೆ 96ರಷ್ಟು ಹೋಲುತ್ತಿತ್ತು. 2020ರ ಆರಂಭದಲ್ಲಿ ಈ ಸಾಮ್ಯವನ್ನು ಪ್ರಕಟಿಸಿದಾಗ ಗಣಿಯ ಸಾವುಗಳ ಮಾತನ್ನು ಅವರು ಎತ್ತಲಿಲ್ಲ. ಆ ಸಂಬಂಧವನ್ನು ಬೆಳಕಿಗೆ ತಂದವರಲ್ಲಿ ಪುಣೆಯ ವಿಜ್ಞಾನಿ ದಂಪತಿಗಳೂ ಇದ್ದರೆಂಬುದು ನಮಗೆ ಸಂತೋಷದ ವಿಷಯ. ಈ ಮೊದಲ ಅಧ್ಯಾಯವೇ ಗ್ರಂಥದ ಸಾರಭಾಗ. ನಡುವಿನ ತಳಿಶಾಸ್ತ್ರದ ಪ್ರಕರಣಗಳು ಶುಷ್ಕವಾಗಿವೆ.

ನಮ್ಮ ಜಿಲ್ಲೆಯವರಿಗೆ ಇದನ್ನೋದುವಾಗ ಕ್ಯಾಸನೂರು ನೆನಪಾಗದೆ ಇರದು. 1957ರಲ್ಲಿ ಸೊರಬದ ಸೀಮೆಯ ಆ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು, ಜನರಿಗೆ ಜ್ವರ ಬಂದಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಾಣುವನ್ನೂ ಅದನ್ನು ಹೊರುವ ಉಣ್ಣೆಯನ್ನೂ ಗುರುತಿಸಿದರು. ಮುಂದೆ ಅದೇ ವೈರಾಣು ಪ್ರಯೋಗಶಾಲೆಯ ಕೆಲಸಗಾರರಿಗೂ ತಗುಲಿತು. ಅದನ್ನು ಅವರು ಮುಚ್ಚಿಡದೆ ವೈದ್ಯಪತ್ರಿಕೆಗಳಲ್ಲಿ ಬರೆದರು. ಪ್ರಯೋಗಶಾಲೆಯಿಂದ ರೋಗ ಹೊರಬೀಳಬಹುದೆಂಬುದು ಹುಚ್ಚರ ಕಲ್ಪನೆಯಲ್ಲ. 2020ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕೆಲವು ವಿದ್ವಾಂಸರು ಅಂಥ ಶಂಕೆಯನ್ನೇ ಪಿತೂರಿಯ ಕಥೆಯೆಂದು ತಿರಸ್ಕರಿಸಿದ್ದು ದುಡುಕು. ಆ ಪತ್ರವನ್ನು ಸಂಘಟಿಸಿದವರು ವೂಹಾನಿನ ಸಂಸ್ಥೆಗೆ ಅಮೆರಿಕದ ಹಣವನ್ನು ತಲಪಿಸುತ್ತಿದ್ದ ಇಕೋಹೆಲ್ತ್ ಅಲಯನ್ಸಿನ ಅಧ್ಯಕ್ಷರೇ ಆಗಿದ್ದರೆಂಬುದು ಅದಕ್ಕಿಂತ ಅನುಚಿತವಾದುದು.

ಗ್ರಂಥದ ಕೊನೆಯಲ್ಲಿ ಎರಡು ಅಧ್ಯಾಯಗಳು ವಕೀಲರ ವಾದದಂತೆ ನಿಂತಿವೆ: ಪ್ರಾಣಿಯಿಂದ ನೇರವಾಗಿ ಬಂದಿತೆಂದು ಒಂದು, ಪ್ರಯೋಗಶಾಲೆಯ ಅಪಘಾತವೆಂದು ಇನ್ನೊಂದು. ರಚನೆ ಮೆಚ್ಚತಕ್ಕುದು. ಆದರೆ ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ನಿಲ್ಲಿಸದವನಿಗೆ ನಮ್ಮ ಶಾಸ್ತ್ರಸಭೆಗಳಲ್ಲಿ ಮರ್ಯಾದೆಯಿಲ್ಲ. ಇಲ್ಲಿ ಗ್ರಂಥಕರ್ತರ ಒಲವು ಎರಡನೆಯ ವಕೀಲನ ಕಡೆಗೆ ವಾಲಿರುವುದು ಕಣ್ಣಿಗೆ ಕಾಣುತ್ತದೆ. ಮೊದಲನೆಯವನ ಕೈಯಲ್ಲಿ ಕಡತವೇ ತೆಳು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೇಖನಗಳು ಮೊದಲ ರೋಗಿಗಳು ಹುವಾನಾನ್ ಪೇಟೆಯ ಸುತ್ತಲೇ ಗುಂಪುಗೂಡಿದ್ದುದನ್ನು ತೋರಿಸಿದವು. ಅವನ್ನು ಈ ಗ್ರಂಥವು ಕಾಣುವಂತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹಾಮಂಡಲಿಯು 2025ರ ಜೂನಿನಲ್ಲಿ ಕೊಟ್ಟ ವರದಿಯಂತೆ, ಲಭ್ಯವಾದ ಸಾಕ್ಷ್ಯದ ತೂಕ ಪ್ರಾಣಿಮೂಲದ ಕಡೆಗಿದೆ. ಚೀನಾ ಕೇಳಿದ ವಿವರಗಳನ್ನು ಕೊಡದಿರುವುದರಿಂದ ಪ್ರಯೋಗಶಾಲೆಯನ್ನು ತಳ್ಳಿಹಾಕಲೂ ಆಗದು.

ಮೂಲವು ಹೀಗೆ ನಿರ್ಣಯವಾಗದೆ ಉಳಿದಿರುವಾಗ ಅಧಿಕಾರಿಗಳನ್ನು ಪ್ರಶ್ನಿಸುವುದು ಹೇಗೆ ಎಂಬ ಆಕ್ಷೇಪವುಂಟು. ನನ್ನ ಮತದಲ್ಲಿ ಇವೆರಡೂ ಬೇರೆ. ಬಣವೆಗೆ ಬೆಂಕಿ ಸಿಡಿಲಿನಿಂದ ಬಿತ್ತೋ ಬೀಡಿಯಿಂದ ಬಿತ್ತೋ ತಿಳಿಯದಿರಬಹುದು. ಆ ರಾತ್ರಿ ಕಾವಲುಗಾರ ಎಲ್ಲಿದ್ದನೆಂಬುದನ್ನು ಕೇಳಲು ಅದು ಅಡ್ಡಿಯಲ್ಲ.

ಇಲ್ಲಿಯೇ ಲಕ್ಷಣವಾಕ್ಯದ ವಿಷಯ. ವೈರಾಣುವಿಗೆ ಹೊಸ ಸಾಮರ್ಥ್ಯವನ್ನು ತಂದುಕೊಡುವ ಪ್ರಯೋಗಗಳಿಗೆ ‘ಗೇನ್ ಆಫ್ ಫಂಕ್ಷನ್’ ಎಂದು ಹೆಸರು. 2014ರ ಅಕ್ಟೋಬರಿನಲ್ಲಿ ಅಮೆರಿಕದ ಸರ್ಕಾರವು ಇವುಗಳಲ್ಲಿ ಕೆಲವಕ್ಕೆ ಹಣವನ್ನು ನಿಲ್ಲಿಸಿತು. 2017ರ ಡಿಸೆಂಬರಿನಲ್ಲಿ ಹೆಚ್ಚು ಸಂಕುಚಿತವಾದ ಹೊಸ ಲಕ್ಷಣವನ್ನು ಮಾಡಿ ತಡೆಯನ್ನು ತೆಗೆಯಿತು. 2021ರ ಮೇ ತಿಂಗಳಲ್ಲಿ ಡಾಕ್ಟರ್ ಆಂಥೊನಿ ಫೌಚಿಯವರು, ವೂಹಾನಿನಲ್ಲಿ ಇಂಥ ಪ್ರಯೋಗಕ್ಕೆ ತಮ್ಮ ಇಲಾಖೆ ಹಣ ಕೊಟ್ಟಿಲ್ಲವೆಂದು ಸೆನೆಟ್ ಸಭೆಯೆದುರು ಖಂಡಿತವಾಗಿ ನುಡಿದರು. ಅದೇ ಅಕ್ಟೋಬರಿನಲ್ಲಿ ಇಲಾಖೆಯ ಲಾರೆನ್ಸ್ ಟಬಾಕರು ಒಂದು ಪತ್ರದಲ್ಲಿ, ಆ ಅನುದಾನದ ಕೆಳಗೆ ಬೆರಕೆ ವೈರಾಣುವಿನಿಂದ ಇಲಿಗಳಿಗೆ ರೋಗ ಹೆಚ್ಚಾಗಿ ಬಂದುದನ್ನೂ, ಅದನ್ನು ತಕ್ಷಣ ತಿಳಿಸಬೇಕಾಗಿದ್ದ ಇಕೋಹೆಲ್ತಿನವರು ತಿಳಿಸಲಿಲ್ಲವೆಂಬುದನ್ನೂ ಬರೆದರು. (ಆ ವೈರಾಣುಗಳು ಕೋವಿಡ್ಡಿಗೆ ಬಹು ದೂರದವೆಂದೂ ಬರೆದರು, ನ್ಯಾಯಕ್ಕಾಗಿ ಇದನ್ನೂ ಹೇಳಬೇಕು.) 2024ರ ಮೇ ತಿಂಗಳಲ್ಲಿ ಅವರೇ, ಸಾಮಾನ್ಯಾರ್ಥದಲ್ಲಿ ಕೊಟ್ಟದ್ದು ಹೌದು, ನಿಯಮದ ಅರ್ಥದಲ್ಲಿ ಅಲ್ಲ, ಎಂದರು.

ತರ್ಕಶಾಸ್ತ್ರದ ಮೊದಲ ಪಾಠದಲ್ಲೇ ಬಾಲಕರಿಗೆ ಹೇಳಿಕೊಡುವ ದೋಷವಿದು. ಕಪಿಲವರ್ಣದ್ದೇ ಗೋವು ಎಂದರೆ ಬಿಳಿಯ ಹಸು ಕೊಟ್ಟಿಗೆಯಿಂದ ಹೊರಗುಳಿಯುತ್ತದೆ: ಅವ್ಯಾಪ್ತಿ. ಕೊಂಬುಳ್ಳದ್ದೆಲ್ಲ ಗೋವು ಎಂದರೆ ಎಮ್ಮೆಯೂ ಒಳಬರುತ್ತದೆ: ಅತಿವ್ಯಾಪ್ತಿ. ವೈರಾಣುವಿನ ಯಾವ ಮಾರ್ಪಾಡನ್ನೂ ಪಾಪವೆಂದು ಕೂಗುವವರದು ಎರಡನೆಯದು. ಹಾಗಾದರೆ ಲಸಿಕೆಯ ಎಷ್ಟೋ ಕೆಲಸ ನಿಲ್ಲಬೇಕಾಗುತ್ತದೆ. ಆದರೆ ಜನರ ಪ್ರಾಣಕ್ಕೆ ಹೊಣೆಯಾದವರು ಕಪಿಲವರ್ಣದ ಲಕ್ಷಣವನ್ನು ಹಿಡಿದು, ತಮ್ಮ ಕೊಟ್ಟಿಗೆಯಲ್ಲಿ ಹಸುವೇ ಇಲ್ಲವೆನ್ನುವುದು ಹೆಚ್ಚಿನ ತಪ್ಪು. ಸೆನೆಟರು ಕೇಳಿದುದು ಲೋಕರೂಢಿಯ ಅರ್ಥದಲ್ಲಿ. ಉತ್ತರ ಬಂದುದು ಪಾರಿಭಾಷಿಕಾರ್ಥದಲ್ಲಿ.

ಈ ಚಾತುರ್ಯದ ರುಚಿಯನ್ನು ನಾನೂ ಕಂಡವನು. ಹಿಂದೆ ನಮ್ಮ ಶಾಲೆಯ ಮಾಡಿನ ತೊಲೆ ಗೆದ್ದಲು ಹಿಡಿದಿರಲು ಮೇಲಧಿಕಾರಿಗಳಿಗೆ ಮೂರು ಸಲ ಬರೆದೆ. ಒಂದು ಮಳೆಗಾಲದ ರಾತ್ರಿ ತೊಲೆ ಮುರಿದುಬಿತ್ತು. ರಾತ್ರಿಯಾದುದು ಮಕ್ಕಳ ಪುಣ್ಯ. ವಿಚಾರಣೆಗೆ ಬಂದವರು ನಮ್ಮಿಂದ ದೂರೇ ಬಂದಿರಲಿಲ್ಲವೆಂದರು. ನನ್ನ ಪತ್ರಗಳ ತಲೆಬರಹ ‘ವಿನಂತಿ’ ಎಂದಿತ್ತು!

ಗ್ರಂಥವು ಪ್ರಕಟವಾದ ಮೇಲೆ ನಡೆದುದೂ ಸಣ್ಣದಲ್ಲ. ಮಾಹಿತಿ ಕೇಳುವವರ ಕೈಗೆ ಸಿಗದಿರಲೆಂದು ಹಿರಿಯ ಸಲಹೆಗಾರರೊಬ್ಬರು ಖಾಸಗಿ ಇ-ಮೇಲಿನಲ್ಲಿ ವ್ಯವಹರಿಸಿದುದು 2024ರಲ್ಲಿ ಬಯಲಾಯಿತು. ಇಕೋಹೆಲ್ತಿಗೆ 2025ರ ಜನವರಿಯಲ್ಲಿ ಐದು ವರ್ಷ ಸರ್ಕಾರಿ ಹಣ ನಿಷಿದ್ಧವಾಯಿತು. ಅದೇ ತಿಂಗಳಲ್ಲಿ, ನಿರ್ಗಮಿಸುತ್ತಿದ್ದ ಅಧ್ಯಕ್ಷ ಬೈಡನ್ನರು ಫೌಚಿಯವರಿಗೆ ಮುಂಗಡವಾಗಿ ಕ್ಷಮಾದಾನವನ್ನಿತ್ತರು. ವೃದ್ಧವೈದ್ಯರನ್ನು ರಾಜಕೀಯದ ಹಗೆಯಿಂದ ಕಾಪಾಡುವುದು ಉದ್ದೇಶವಾಗಿದ್ದಿರಬಹುದು; ಆದರೂ ಪ್ರಶ್ನೆಗೆ ಉತ್ತರ ಕೊಡಿಸುವ ಬಗೆ ಅದಲ್ಲ.

ನನ್ನೊಡನೆ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದ ಮಿತ್ರರೊಬ್ಬರು 2021ರ ಮೇ ತಿಂಗಳಲ್ಲಿ ಈ ವ್ಯಾಧಿಯಿಂದ ತೀರಿಕೊಂಡರು. ಮುಖದರ್ಶನವೂ ಆಗಲಿಲ್ಲ. ಕಳೆದ ತಿಂಗಳು ಅವರ ಮನೆಗೆ ಹೋದಾಗ ಈ ಪುಸ್ತಕ ನನ್ನ ಚೀಲದಲ್ಲಿತ್ತು. ಅವರ ಪತ್ನಿ ಅದನ್ನು ತಿರುವಿಹಾಕಿ, “ಕಡೆಗೆ ಎಲ್ಲಿಂದ ಬಂತಂತೆ, ಮೇಷ್ಟ್ರೇ?” ಎಂದು ಕೇಳಿದರು. “ಗೊತ್ತಾಗಿಲ್ಲಮ್ಮ” ಎಂದೆ. “ಗೊತ್ತಿದ್ದವರು ಹೇಳಲಿಲ್ಲವೋ, ಯಾರಿಗೂ ಗೊತ್ತೇ ಇಲ್ಲವೋ?” ಎಂದರು. ಇಡೀ ಗ್ರಂಥದಲ್ಲಿ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನಾನು ಕಾಣಲಿಲ್ಲ.

ಪ್ರತಿಯನ್ನು ಸಂಘದ ಪುಸ್ತಕಭಂಡಾರಕ್ಕೆ ಒಪ್ಪಿಸಿದ್ದೇನೆ. ಕೊಂಡೊಯ್ಯುವವರು ಮೇಲೆ ಹೇಳಿದ 2025ರ ವರದಿಯನ್ನೂ ಜತೆಗಿಟ್ಟುಕೊಂಡು ಓದಬೇಕೆಂದು ಕೋರುತ್ತೇನೆ. ಮೊದಲನೆಯ ವಕೀಲನಿಗೆ ಸಿಗಬೇಕಾದ ಕಾಗದಗಳು ಅದರಲ್ಲಿವೆ.