ಸುತ್ತಿಗೆ ಯಾರ ಕೈಯಲ್ಲಿತ್ತು?

ಗೆಳೆಯರೆ, ಈ ಸಲ ನಾವು ಓದಿಗೆ ಎತ್ತಿಕೊಂಡಿರುವುದು ಇಡೀ ಪುಸ್ತಕವನ್ನಲ್ಲ, ಒಂದು ಸದ್ದನ್ನು. ಜೆ.ಆರ್.ಆರ್. ಟಾಲ್ಕಿನ್ ಅವರ 'ದ ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯ ಮೊದಲ ಸಂಪುಟದಲ್ಲಿ (1954) ಒಂದೆರಡು ಸಾಲಿನಷ್ಟು ಹೊತ್ತು ಕೇಳಿಸಿ ನಿಂತುಹೋಗುವ ಸದ್ದು ಅದು. ಏನೆಂದು ಗೊತ್ತೇ ಇದೆ ಅಂದುಕೊಂಡು ನಾವೆಲ್ಲ ಪುಟ ತಿರುಗಿಸಿಬಿಡುತ್ತೇವೆ.

ಓದಿ ಬಹಳ ದಿನವಾದವರಿಗಾಗಿ ಸಂದರ್ಭ ಹೇಳಿಬಿಡೋಣ. ಒಂಬತ್ತು ಜನರಿದ್ದ ತಂಡ ಮೋರಿಯಾ ಎಂಬ ಪಾಳುಬಿದ್ದ ಗಣಿನಗರವನ್ನು ಹೊಕ್ಕಿದೆ. ಡ್ವಾರ್ಫ್‌ಗಳೆಂಬ ಕುಳ್ಳಗಿನ, ಗಟ್ಟಿಮುಟ್ಟಾದ ಕುಲದವರು ಬೆಟ್ಟವನ್ನೇ ಕೊರೆದು ಕಟ್ಟಿದ ಊರು. ಮೊದಲ ರಾತ್ರಿ ಹಳೆಯ ಕಾವಲು ಕೋಣೆಯೊಂದರಲ್ಲಿ ತಂಗುತ್ತಾರೆ. ಅಲ್ಲಿ ನೆಲದಲ್ಲೊಂದು ಬಾವಿ, ಬಾಯಲ್ಲಿ ತುಕ್ಕು ಹಿಡಿದ ಸರಪಳಿ. ಪಿಪಿನ್ ಎಂಬ ಹುಡುಗಾಟದ ಹಾಬಿಟ್ ಸುಮ್ಮನಿರಲಾರದೆ ಒಳಗೊಂದು ಕಲ್ಲು ಹಾಕುತ್ತಾನೆ. ಕಲ್ಲು ನೀರು ಮುಟ್ಟುವುದಕ್ಕೇ ಎಷ್ಟೋ ಹೊತ್ತು ಹಿಡಿಯುತ್ತದೆ. ಗ್ಯಾಂಡಾಲ್ಫ್ ಬೈಯುತ್ತಾನೆ. ಕೆಲ ನಿಮಿಷ ಮೌನ. ಆಮೇಲೆ ಪಾತಾಳದಿಂದ ಎಂಬಂತೆ ಕ್ಷೀಣವಾದ ಬಡಿತ: ಒಂದು ದಪ್ಪ, ಒಂದು ಸಣ್ಣ; ಮತ್ತೆ ತಿರುವುಮುರುವಾಗಿ. ಯಾರೋ ಸಂಜ್ಞೆ ಮಾಡುತ್ತಿರುವ ಹಾಗೆ. ಸ್ವಲ್ಪ ಹೊತ್ತಿನಲ್ಲಿ ನಿಂತೂ ಹೋಗುತ್ತದೆ. ಇದು ಸುತ್ತಿಗೆಯದೇ ಸದ್ದು ಎನ್ನುತ್ತಾನೆ ಡ್ವಾರ್ಫ್ ಗಿಮ್ಲಿ. ಗ್ಯಾಂಡಾಲ್ಫ್ ಒಪ್ಪುತ್ತಾನೆ, ತನಗದು ಹಿಡಿಸಲಿಲ್ಲ ಎಂದೂ ಹೇಳುತ್ತಾನೆ. ಪಿಪಿನ್‌ಗೆ ಶಿಕ್ಷೆಯಾಗಿ ಮೊದಲ ಪಾಳಿಯ ಕಾವಲು.

ಪ್ರಚಲಿತ ವ್ಯಾಖ್ಯಾನ ನಿಮಗೆ ಗೊತ್ತಿರುವುದೇ. ಕಲ್ಲು ಬಿತ್ತು, ಆರ್ಕ್‌ಗಳು ಎಚ್ಚೆತ್ತವು, ಒಬ್ಬರಿಗೊಬ್ಬರು ಸುದ್ದಿ ಕೊಟ್ಟರು, ನಗಾರಿ ಮೊಳಗಿತು, ಗ್ಯಾಂಡಾಲ್ಫ್ ಕಂದಕಕ್ಕೆ ಬಿದ್ದ. ಅಂದರೆ ಎಲ್ಲಕ್ಕೂ ಮೂಲ ಪಿಪಿನ್‌ನ ಕಲ್ಲು! 2001ರ ಪೀಟರ್ ಜ್ಯಾಕ್ಸನ್ ಸಿನಿಮಾ ಈ ಓದಿಗೆ ಮೊಹರು ಒತ್ತಿಬಿಟ್ಟಿತು. ಅಲ್ಲಿ ಬಾವಿಯನ್ನೇ ಬಾಲಿನ್‌ನ ಸಮಾಧಿಯ ಕೋಣೆಗೆ ತಂದಿದ್ದಾರೆ. ಕಲ್ಲಿನ ಬದಲು ಅಸ್ಥಿಪಂಜರವೊಂದು ಸರಪಳಿ ಸಮೇತ ಧಡಧಡ ಬೀಳುತ್ತದೆ, ಮರುಕ್ಷಣವೇ ನಗಾರಿ. ಸಿನಿಮಾಕ್ಕೆ ಅದು ಸರಿಯೇ, ಮೂರು ಗಂಟೆಯಲ್ಲಿ ಕಥೆ ಮುಗಿಸಬೇಕಲ್ಲ.

ಆದರೆ ಪುಸ್ತಕದ ಲೆಕ್ಕ ಬೇರೆ. ನಾವು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವರು; ಏನಾದರೂ ಕೆಟ್ಟರೆ ಮೊದಲು ನೋಡುವುದು ಲಾಗ್ ಫೈಲಿನ ಗಂಟೆ-ನಿಮಿಷಗಳನ್ನು. ಟಾಲ್ಕಿನ್ ಪುಣ್ಯಾತ್ಮರು, ಅನುಬಂಧದಲ್ಲಿ ದಿನಾಂಕ ಸಮೇತ ಎಲ್ಲವನ್ನೂ ಬರೆದಿಟ್ಟಿದ್ದಾರೆ. ತಂಡ ಮೋರಿಯಾದ ಬಾಗಿಲಿಗೆ ಬಂದದ್ದು ಜನವರಿ 13ರ ಸಂಜೆ. ಕಲ್ಲು ಬಿದ್ದದ್ದು ಅದೇ ರಾತ್ರಿ, ನಡುರಾತ್ರಿ ಕಳೆದ ಮೇಲೆ. 14ರ ಹಗಲೆಲ್ಲ ನಡೆದಿದ್ದಾರೆ, ಆ ರಾತ್ರಿ ದೊಡ್ಡ ಹಜಾರವೊಂದರಲ್ಲಿ ಮಲಗಿದ್ದಾರೆ. ಆರ್ಕ್‌ಗಳು ಮೇಲೆ ಬಿದ್ದದ್ದು 15ರಂದು. ನಡುವೆ ಒಂದು ಪೂರ್ತಿ ಹಗಲು, ಒಂದು ಪೂರ್ತಿ ರಾತ್ರಿ! ಪಡೆ ಕೂಡಿಸಲು ಸಮಯ ಬೇಕಿತ್ತು ಎನ್ನಬಹುದು. ಇರಬಹುದು. ಆದರೆ ದಣಿದು ಮಲಗಿದ್ದ ಒಂಬತ್ತು ಜನರನ್ನು ಎರಡು ರಾತ್ರಿ ಬಿಟ್ಟು, ಎದ್ದು ಕೈಗೆ ಕತ್ತಿ ಸಿಕ್ಕುವ ಹಗಲು ಹೊತ್ತಿಗೆ ಕಾಯುವುದು ಎಂಥ ಯುದ್ಧತಂತ್ರ? ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಇಲ್ಲಿ ಅಷ್ಟೂ ಸರಿಹೋಗುವುದಿಲ್ಲ. ಕಾಗೆ ಮೊನ್ನೆ ಕೂತಿತ್ತು, ಟೊಂಗೆ ಇವತ್ತು ಮುರಿದಿದೆ. ಆ ಸದ್ದಿಗೂ ಕಲ್ಲಿಗೂ ಸಂಬಂಧವೇ ಇಲ್ಲದಿರಬಹುದು ಎಂದು ಗ್ಯಾಂಡಾಲ್ಫ್ ತಾನೇ ಒಂದು ಮಾತು ಸೇರಿಸುತ್ತಾನೆ. ಅದನ್ನು ಯಾರೂ ಗಮನಿಸುವುದಿಲ್ಲ.

ಇನ್ನೊಂದು ವಿಷಯ. 'ಸಂಜ್ಞೆ'ಯಂತೆ ಕೇಳಿಸಿತು ಎನ್ನುವುದು ಯಾರ ಮಾತು? ನಿರೂಪಕನದು. ಈ ಕಥೆ ಹಾಬಿಟ್‌ಗಳೇ ಬರೆದಿಟ್ಟ ಕೆಂಪು ಪುಸ್ತಕದಿಂದ ಬಂದದ್ದು ಎಂದು ಟಾಲ್ಕಿನ್ ಮುನ್ನುಡಿಯಲ್ಲೇ ಹೇಳುತ್ತಾರೆ. ಹಾಬಿಟ್‌ಗಳು ಹೊಲ-ತೋಟದ ಜನ, ಗಣಿಯ ಕತ್ತಲಲ್ಲಿ ಕೂತು ಹೆದರಿದ್ದಾರೆ. ಹೆದರಿದ ಕಿವಿಗೆ ಎಲ್ಲವೂ ಸಂಜ್ಞೆಯೇ. ಗಣಿಯನ್ನು ಬಲ್ಲವನು ಅಲ್ಲಿ ಒಬ್ಬನೇ, ಗಿಮ್ಲಿ. ಅವನು ಸಂಜ್ಞೆ ಎನ್ನಲಿಲ್ಲ, ಸುತ್ತಿಗೆ ಎಂದ. ನಾವು ಪರಿಣತನ ಸಾಕ್ಷಿಯನ್ನು ಬದಿಗಿಟ್ಟು ಹೆದರಿದವರ ಸಾಕ್ಷಿಯನ್ನು ನಂಬಿಕೊಂಡು ಬಂದಿದ್ದೇವೆ.

ಸುತ್ತಿಗೆ ಎಂದಮೇಲೆ ಅದನ್ನು ಹಿಡಿದ ಕೈ ಇರಬೇಕು. ಆರ್ಕ್ ಕೈಯೇ ಇರಬಹುದು. ಆದರೆ 'ದ ಹಾಬಿಟ್' (1937) ತೆಗೆದು ನೋಡಿ. ಅಲ್ಲಿ ಗಾಬ್ಲಿನ್‌ಗಳು, ಅಂದರೆ ಇದೇ ಆರ್ಕ್‌ಗಳು, ಸುತ್ತಿಗೆ-ಕೊಡಲಿಗಳನ್ನು ಚೆನ್ನಾಗಿಯೇ ಮಾಡುತ್ತವೆ ಎಂದಿದೆ. ಅದರ ಜೊತೆಗೇ, ಸೆರೆಯಾಳುಗಳ ಕೈಯಲ್ಲಿ ಮಾಡಿಸುತ್ತವೆ, ಆ ಸೆರೆಯಾಳುಗಳು ಗಾಳಿ ಬೆಳಕಿಲ್ಲದೆ ಸಾಯುವ ತನಕ ದುಡಿಯುತ್ತಾರೆ ಎಂದೂ ಇದೆ. ಮಕ್ಕಳ ಪುಸ್ತಕದಲ್ಲಿ ಹೀಗೆ ಬಂದು ಹಾಗೆ ಹೋಗುವ ವಾಕ್ಯ. ಅದನ್ನು ಮೋರಿಯಾದ ಬಾವಿಯ ಪಕ್ಕ ಇಟ್ಟರೆ ನಮಗೆ ಮೈ ಜುಮ್ಮೆನ್ನುತ್ತದೆ. ಬಾಲಿನ್ ತನ್ನ ಜನರನ್ನು ಕಟ್ಟಿಕೊಂಡು ಮೋರಿಯಾಕ್ಕೆ ಬಂದದ್ದು 2989ರಲ್ಲಿ, ಸತ್ತದ್ದು 2994ರಲ್ಲಿ. ಪಿಪಿನ್ ಕಲ್ಲು ಹಾಕಿದ್ದು 3019ರಲ್ಲಿ. ಡ್ವಾರ್ಫ್‌ಗಳು ಇನ್ನೂರೈವತ್ತು ವರ್ಷದ ಆಸುಪಾಸು ಬದುಕುವವರು. ಅವರಿಗೆ ಇಪ್ಪತ್ತೈದು ವರ್ಷ ಯಾವ ಲೆಕ್ಕ? ಅವರಲ್ಲೊಬ್ಬ ಸಂಕೋಲೆಯಲ್ಲಿ ಬದುಕಿದ್ದ ಎಂದು ನಾವು ಸಾಧಿಸಹೊರಟಿಲ್ಲ. ಟಾಲ್ಕಿನ್ ಆ ಬಾಗಿಲನ್ನು ಮುಚ್ಚಲಿಲ್ಲ ಎನ್ನುವುದಷ್ಟೇ ನಮ್ಮ ವಾದ. ಮೋರಿಯಾದ ಉಳಿದ ಸದ್ದುಗಳಿಗೆ ಅವರು ಉತ್ತರ ಕೊಡುತ್ತಾರೆ. ನಗಾರಿ ಆರ್ಕ್‌ಗಳದು, ಹಿಂದೆ ಬರುತ್ತಿದ್ದ ಹೆಜ್ಜೆಯ ಸಪ್ಪಳ ಗಾಲಮ್‌ನದು. ಸುತ್ತಿಗೆಗೆ ಮಾತ್ರ ಯಜಮಾನನಿಲ್ಲ.

ಗಣಿಯಲ್ಲಿ ಬಡಿತಕ್ಕೆ ಬೇರೆಯೇ ಅರ್ಥವಿದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರದ ಗಣಿಗಳಲ್ಲಿ 'ನಾಕರ್'ಗಳೆಂಬ ಕುಳ್ಳ ಭೂತಗಳು ಬಂಡೆಯೊಳಗಿಂದ ಬಡಿಯುತ್ತವೆ ಎಂದು ನಂಬುತ್ತಿದ್ದರು. ಕೆಡುಕು ಎಂದವರೂ ಇದ್ದರು, ಬಂಡೆ ಕುಸಿಯುವ ಮುಂಚೆ ಎಚ್ಚರಿಸುತ್ತವೆ ಎಂದವರೂ ಇದ್ದರು. ಊಟದಲ್ಲಿ ಒಂದು ಚೂರು ಅವಕ್ಕೆಂದು ಬಿಡುತ್ತಿದ್ದರು. (ನಮ್ಮ ಕೋಲಾರದ ಚಿನ್ನದ ಗಣಿಗೂ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಕೆಲಸಕ್ಕೆ ಬಂದವರಲ್ಲಿ ಕಾರ್ನ್‌ವಾಲ್‌ನವರಿದ್ದರು.) ಭೂತದ ಮಾತು ಬಿಡಿ. ನಾವಿರುವ ಇದೇ ಪೆನ್ಸಿಲ್ವೇನಿಯಾದ ಕ್ವೀಕ್ರೀಕ್‌ನಲ್ಲಿ 2002ರ ಜುಲೈನಲ್ಲಿ ಒಂಬತ್ತು ಗಣಿಗಾರರು ನೀರು ನುಗ್ಗಿ ಸಿಕ್ಕಿಬಿದ್ದಾಗ, ಮೇಲಿನಿಂದ ಕೊರೆದು ಇಳಿಸಿದ ಕೊಳವೆಯನ್ನು ಒಂಬತ್ತು ಸಲ ಬಡಿದು ಒಂಬತ್ತೂ ಜನ ಇದ್ದೇವೆಂದು ತಿಳಿಸಿದರು. ಒಂಬತ್ತೂ ಜನ ಬದುಕಿ ಬಂದರು. 2006ರ ಜನವರಿಯಲ್ಲಿ ಪಕ್ಕದ ವೆಸ್ಟ್ ವರ್ಜೀನಿಯಾದ ಸೇಗೋ ಗಣಿಯಲ್ಲಿ ಹದಿಮೂರು ಜನ ಸಿಕ್ಕಿಕೊಂಡರು. ಸರದಿಯ ಮೇಲೆ ಸುತ್ತಿಗೆ ಹಿಡಿದು ಬಡಿದೆವು, ಮೇಲಿನಿಂದ ಮರುಸದ್ದು ಬರಲಿಲ್ಲ ಎಂದು ಬದುಕುಳಿದ ಒಬ್ಬರು ಆಮೇಲೆ ಪತ್ರದಲ್ಲಿ ಬರೆದರು. ಉಳಿದ ಹನ್ನೆರಡು ಜನ ಹೋದರು.

ಈಗ ಬಾವಿಯ ದೃಶ್ಯವನ್ನು ಇನ್ನೊಮ್ಮೆ ಓದಿ. ಮೇಲಿನಿಂದ ಕಲ್ಲು ಬಿತ್ತು, ಕೆಳಗಿನಿಂದ ಯಾರೋ ಬಡಿದರು, ಮೇಲಿನವರು ಉಸಿರು ಬಿಗಿಹಿಡಿದು ಕೂತರು, ಕೆಳಗಿನವರು ನಿಲ್ಲಿಸಿದರು. ಗ್ಯಾಂಡಾಲ್ಫ್‌ನನ್ನು ದೂರುವಂತಿಲ್ಲ, ಅವನ ಹೆಗಲ ಮೇಲೆ ಲೋಕದ ಭಾರವಿದೆ, ಮರುಬಡಿತ ಕೊಟ್ಟು ನೋಡೋಣ ಎನ್ನುವ ಸ್ಥಿತಿಯಲ್ಲಿ ಅವನಿಲ್ಲ. ಆದರೆ ಗಿಮ್ಲಿ? ಬಾಲಿನ್‌ನಿಂದ ಸುದ್ದಿಯೇ ಇಲ್ಲವೆಂದು ಅವನ ತಂದೆ ಗ್ಲೋಯಿನ್ ಎಲ್ರಾಂಡ್‌ನ ಸಭೆಯಲ್ಲಿ ಹೇಳಿದ್ದಾನೆ. ತನ್ನವರು ಇದ್ದಾರೋ ಇಲ್ಲವೋ ಎಂಬುದು ಗಿಮ್ಲಿಗೆ ಆ ರಾತ್ರಿ ಇನ್ನೂ ತಿಳಿಯದು. ಅವನು ಆಡಿದ್ದು ಒಂದೇ ಮಾತು, ಅದರಲ್ಲಿ ಭಯವೂ ಇಲ್ಲ, ಆಸೆಯೂ ಇಲ್ಲ. ಅಥವಾ ಎಲ್ಲರೆದುರು ಆಸೆಯನ್ನು ಹೇಳಿಕೊಳ್ಳಲು ಅವನಿಗೆ ಬೇಡವಾಗಿತ್ತು.

ಒಂದು ದಿನ ಕಳೆದು ಮರುಬೆಳಗ್ಗೆ ಬಾಲಿನ್‌ನ ಸಮಾಧಿ ಸಿಗುತ್ತದೆ. ಗಿಮ್ಲಿ ತಲೆಯ ಕುಲಾವಿಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಾನೆ. ಅಧ್ಯಾಯ ಮುಗಿಯುವುದು ಅಲ್ಲಿಗೇ.