ಹುಡುಗರು ಮಾಡಿದ ಹಾಡಿನ ವಿಡಿಯೊ: ನೋಡುವವರಿಗೊಂದು ಕೈಪಿಡಿ

ಅಕ್ಕನ ಮಗನೋ ಪಕ್ಕದ ಮನೆಯ ಹುಡುಗಿಯೋ ಕಾಲೇಜಿನ ಗೆಳೆಯರ ಜೊತೆ ಸೇರಿ ಮಾಡಿದ ಹಾಡಿನ ವಿಡಿಯೊವನ್ನು ನಿಮ್ಮ ಫೋನಿಗೆ ಕಳಿಸಿದರೆ, ಮೊದಲ ಸಲ ದನಿ ಪೂರ್ತಿ ತಗ್ಗಿಸಿ ನೋಡಿ. ಹಾಡು ಯಾವ ಬಗೆಯದೆಂದು ಬರೀ ಚಿತ್ರದಿಂದ ಊಹಿಸಿ. ಕ್ಯಾಮೆರಾ ಮೊಣಕಾಲೆತ್ತರದಿಂದ ಮೇಲಕ್ಕೆ ನೋಡುತ್ತಿದೆ, ಒಬ್ಬ ಲೆನ್ಸಿನ ಹತ್ತಿರಕ್ಕೇ ಕೈ ತಂದು ಆಡಿಸುತ್ತಾನೆ, ಬೆನ್ನ ಹಿಂದೆ ಏಳೆಂಟು ಗೆಳೆಯರು, ಸುಣ್ಣ ಉದುರಿದ ಗೋಡೆ, ಎರಡು ಬೈಕು. ಇದು ರ‍್ಯಾಪ್. ರೇಷ್ಮೆ ಸೀರೆಯ ಹುಡುಗಿ ಮೈಕಿನ ಮುಂದೆ ನಿಂತಿದ್ದಾಳೆ, ನಡುನಡುವೆ ಮೋಡ, ಹೂವು, ಕೆರೆ ಒಂದರೊಳಗೊಂದು ಕರಗುತ್ತವೆ. ಇದು ಭಾವಗೀತೆ. ಗಡ್ಡ ಬಿಟ್ಟವನೊಬ್ಬ ರೈಲ್ವೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಒಬ್ಬನೇ ಕೂತು ಫೋನಿನಲ್ಲಿ ಹಳೆಯ ಫೋಟೊ ನೋಡುತ್ತಿದ್ದರೆ ಪ್ರೀತಿ ಕೈಕೊಟ್ಟ ಹಾಡು, ಅನುಮಾನವೇ ಬೇಡ.

ಎರಡನೇ ಸಲ ಕಣ್ಣು ಮುಚ್ಚಿ ಕೇಳಿ. ಮೂರನೇ ಸಲ ಎರಡನ್ನೂ ಕೂಡಿಸಿ. ನಿಮ್ಮ ಊಹೆ ಎಲ್ಲಿ ಹೊಂದಿತು, ಎಲ್ಲಿ ತಪ್ಪಿತು ಎಂದು ಗುರುತು ಹಾಕಿಕೊಳ್ಳಿ. ಮುಂದಿನದೆಲ್ಲ ಆ ಗುರುತುಗಳನ್ನು ಓದುವ ಕೆಲಸ.

ಪ್ರತಿ ಬಗೆಯ ಹಾಡಿಗೂ ತನ್ನದೇ ಕಟ್ಟಳೆಗಳಿರುತ್ತವೆ. ಯಾರೂ ಬರೆದಿಟ್ಟದ್ದಲ್ಲ, ನೋಡಿ ನೋಡಿ ರೂಢಿಯಾದದ್ದು. ಬ್ರಿಟನ್ನಿನಲ್ಲಿ ಎ-ಲೆವೆಲ್ ಮೀಡಿಯಾ ಸ್ಟಡೀಸ್ ಓದುವ ಮಕ್ಕಳು ಹಾಡಿನ ವಿಡಿಯೊ ತಯಾರಿಸಿ, ಕಟ್ಟಳೆಗಳನ್ನು ಎಲ್ಲಿ ಬಳಸಿದೆ, ಎಲ್ಲಿ ಬೆಳೆಸಿದೆ, ಎಲ್ಲಿ ಮುರಿದೆ ಎಂದು ಬರೆದು ಒಪ್ಪಿಸುವ ಪದ್ಧತಿ ಬಹಳ ಕಾಲ ಇತ್ತು. ಅಲ್ಲಿನ ತರಗತಿಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ಆಂಡ್ರ್ಯೂ ಗುಡ್‌ವಿನ್. 1992ರಲ್ಲಿ ಬಂದ ಆತನ ಪುಸ್ತಕ ಹಾಡಿಗೂ ಚಿತ್ರಕ್ಕೂ ಇರುವ ಸಂಬಂಧವನ್ನು ಮೂರಾಗಿ ವಿಂಗಡಿಸಿತು: ಹಾಡು ಹೇಳಿದ್ದನ್ನೇ ತೋರಿಸುವುದು, ಹೇಳಿದ್ದಕ್ಕೆ ಇನ್ನೊಂದಿಷ್ಟು ಸೇರಿಸುವುದು, ಹಾಡಿಗೆ ಸಂಬಂಧವೇ ಇಲ್ಲದ್ದನ್ನು ತೋರಿಸುವುದು. ಹೊಸಬರಿಗೆ ಇದು ಒಳ್ಳೆಯ ಊರುಗೋಲು. ಆದರೆ ನಮ್ಮ ಕಡೆಯ ಹುಡುಗರ ಕೆಲಸ ನೋಡುವಾಗ ಇದೊಂದೇ ಸಾಲದು. ಅವರು ಒಂದೇ ಹಾಡಿನಲ್ಲಿ ಮೂರು ನಾಲ್ಕು ಕಡೆಯ ಕಟ್ಟಳೆಗಳನ್ನು ಹೊತ್ತಿರುತ್ತಾರೆ.

ಮೊರಪ್ಪೂರನ್ನೇ ತೆಗೆದುಕೊಳ್ಳಿ. ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಊರು, ಜೋಲಾರಪೇಟೆ–ಸೇಲಂ ರೈಲು ಹಾದಿಯ ನಿಲ್ದಾಣ. ಧರ್ಮಪುರಿ, ಸೇಲಂ ಕಡೆಯ ಕನ್ನಡ ಮನೆಗಳಲ್ಲಿ ಒಳಗೆ ಕನ್ನಡ, ಶಾಲೆಯಲ್ಲಿ ತಮಿಳು, ಫೋನಿನಲ್ಲಿ ಎಲ್ಲವೂ. ಸೇಲಂನ ಯೇರ್ಕಾಡು ರಸ್ತೆಯಲ್ಲಿ ಟಿ.ಆರ್. ಸುಂದರಂ ಕಟ್ಟಿದ ಮಾಡರ್ನ್ ಥಿಯೇಟರ್ಸ್ ಎಂಬ ಚಿತ್ರ ಸ್ಟುಡಿಯೊ ಇತ್ತು. ಮಲಯಾಳದ ಮೊದಲ ವಾಕ್ಚಿತ್ರ 'ಬಾಲನ್' (1938) ಅದರದೇ, ತಮಿಳಿನ ಮೊದಲ ಬಣ್ಣದ ಚಿತ್ರವಾದ ಅಲಿಬಾಬಾನ ಕಥೆಯೂ (1956) ಅದರದೇ. ಹಾಡನ್ನು ಚಿತ್ರವಾಗಿಸುವ ಕಸುಬು ಈ ಸೀಮೆಗೆ ಹೊಸದಲ್ಲ. ಇಲ್ಲಿ ಬೆಳೆದ ಹುಡುಗನ ತಲೆಯಲ್ಲಿ ತಮಿಳಿನ ಕುತ್ತು ಹಾಡಿನ ಸಾಲು ಕುಣಿತ, ಚರಣಕ್ಕೊಂದು ಬಟ್ಟೆ ಬದಲಿಸುವ ಸಿನಿಮಾ ಡ್ಯೂಯೆಟ್, ಅಮೆರಿಕದ ಹಿಪ್‌ಹಾಪ್, ಮಾದಪ್ಪನ ಜಾತ್ರೆಯ ಕಂಸಾಳೆ ಎಲ್ಲ ಒಟ್ಟಿಗೆ ಇರುತ್ತವೆ. 'ಕಟ್ಟಳೆ ಮುರಿದಿದ್ದಾನೆ' ಎನ್ನುವ ಮುಂಚೆ ಯಾವುದರ ಕಟ್ಟಳೆ ಎಂದು ಕೇಳಬೇಕಾಗುತ್ತದೆ.

ಇದಕ್ಕೆ ಕನ್ನಡದಲ್ಲಿ ಒಂದು ಪಾಠವಾಗುವ ಪ್ರಕರಣ ಇದೆ. ವಿದ್ಯಾರ್ಥಿಗಳದ್ದಲ್ಲ, ಹೆಸರಾಂತ ರ‍್ಯಾಪರ್ ಚಂದನ್ ಶೆಟ್ಟಿಯವರದ್ದು. ಆದರೂ ವಿದ್ಯಾರ್ಥಿಗಳು ಮಾಡುವ ತಪ್ಪು ಅದರಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. 2020ರ ಆಗಸ್ಟಿನಲ್ಲಿ ಅವರ 'ಕೋಲುಮಂಡೆ' ವಿಡಿಯೊ ಬಂತು. ಕೋಲುಮಂಡೆ ಜಂಗಮ ಎಂದರೆ ಭಿಕ್ಷೆಗೆ ಬಂದ ಮಲೆ ಮಹದೇಶ್ವರ, ಜನರ ಬಾಯಲ್ಲಿ ಮಾದಪ್ಪ. ಧರ್ಮಪುರಿಯಿಂದ ಪಶ್ಚಿಮಕ್ಕೆ ಹೋಗಿ ಕಾವೇರಿ ದಾಟಿದರೆ ಅವನ ಬೆಟ್ಟ. ಈಚೆ ದಡದ ಒಕ್ಕಲೂ ಅವನಿಗಿದೆ. ಕಥೆಯಲ್ಲಿ ಜೇನು ತರಲು ಕಾಡಿಗೆ ಹೊರಟ ನೀಲೇಗೌಡ ಹೆಂಡತಿ ಸಂಕಮ್ಮನಿಂದ ಭಾಷೆ ಕೇಳುತ್ತಾನೆ, ಅವಳು ಕೊಡುವುದಿಲ್ಲ, ಹಿಂಸಿಸಿ ಕೂಡಿಹಾಕುತ್ತಾನೆ, ಮಾದಪ್ಪ ಜಂಗಮನಾಗಿ ಬಂದು ಅವಳಿಗೆ ಮಕ್ಕಳ ವರ ಕೊಡುತ್ತಾನೆ. ಇದೇ ಹಾಡನ್ನು ಎಲ್.ಎನ್. ಶಾಸ್ತ್ರಿ 1996ರ 'ಜನುಮದ ಜೋಡಿ' ಚಿತ್ರಕ್ಕೆ ಹಾಡಿ ರಾಜ್ಯ ಪ್ರಶಸ್ತಿ ಪಡೆದಿದ್ದರು. ಸಿನಿಮಾಕ್ಕೆ ಬಂದದ್ದು ಯಾರಿಗೂ ತಪ್ಪೆನಿಸಿರಲಿಲ್ಲ. 2020ರಲ್ಲಿ ಮಾತ್ರ ಭಕ್ತರು ಕೆರಳಿದರು. ಶರಣೆ ಸಂಕಮ್ಮನನ್ನು ಅಸಭ್ಯವಾಗಿ ತೋರಿಸಲಾಗಿದೆ ಎಂಬುದು ಅವರ ಆಕ್ಷೇಪ. ಚಂದನ್ ಕ್ಷಮೆ ಕೇಳಿದರು, ವಿಡಿಯೊ ಯೂಟ್ಯೂಬಿನಿಂದ ಇಳಿಯಿತು.

ಈ ಜಗಳ ಭಕ್ತಿ ಮತ್ತು ಕಲಾ ಸ್ವಾತಂತ್ರ್ಯದ ನಡುವಿನದು ಎಂದು ಆಗ ಹಲವರು ಮಾತಾಡಿದರು. ನನಗೆ ಅದು ಪ್ರಕಾರದ ಪ್ರಶ್ನೆಯಾಗಿ ಕಾಣುತ್ತದೆ. ಕಂಸಾಳೆಯವರು ಹಾಡುವುದನ್ನು ನೋಡಿ: ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚು, ಬಲಗೈಯಲ್ಲಿ ಚಪ್ಪಟೆ ತಾಳ, ಕಥೆ ಹೇಳುವವನೇ ಮಾದಪ್ಪ, ಅವನೇ ನೀಲೇಗೌಡ, ಅವನೇ ಸಂಕಮ್ಮ. ಅವಳ ನೋವು ಗಂಡಸಿನ ಗಂಟಲಿನಲ್ಲಿ ಬರುತ್ತದೆ, ಅವಳ ಮೈ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ವಿಡಿಯೊಗೆ ಬಂದ ಕೂಡಲೇ ಒಬ್ಬ ನಟಿ ಬೇಕಾಗುತ್ತಾಳೆ. ಪಾರ್ಟಿ ಹಾಡುಗಳ ಕಟ್ಟಳೆಯಲ್ಲಿ ಹೆಣ್ಣು ಹೇಗಿರಬೇಕೆಂಬುದು ಮೊದಲೇ ತೀರ್ಮಾನವಾಗಿದೆ. ಆ ತೀರ್ಮಾನವೇ ಸಂಕಮ್ಮನ ಮೇಲೂ ಬಂದು ಕೂತಿತು. ಜನಪದದ ಕಟ್ಟಳೆ ಮುರಿದಂತೆ ಕಂಡದ್ದು ಅಸಲಿಗೆ ಇನ್ನೊಂದು ಕಟ್ಟಳೆಗೆ ತಲೆಬಾಗಿದ್ದು, ಅದೂ ಪ್ರಶ್ನೆ ಕೇಳದೆ.

ಹಾಗಾಗಿ ನೋಡುವವರು ಕೇಳಬೇಕಾದ ಮುಖ್ಯ ಪ್ರಶ್ನೆ ಇದು: ಇಲ್ಲಿ ಒಂದು ನಿಯಮ ಮುರಿದಿದೆ ಸರಿ, ಅದರ ಜಾಗಕ್ಕೆ ಬಂದದ್ದು ಯಾರ ನಿಯಮ? ರ‍್ಯಾಪ್ ವಿಡಿಯೊದಲ್ಲಿ ಕಾರಿನ ಬದಲು ಎತ್ತಿನಗಾಡಿ ತಂದರೆ ಹೊಸತೆಂದು ಚಪ್ಪಾಳೆ ಬೀಳುತ್ತದೆ. ಗಾಡಿಯ ಮೇಲೆ ಕೂತವನು ಕಾರಿನಲ್ಲಿ ಕೂತವನ ಹಾಗೆಯೇ ಕನ್ನಡಕ ಸರಿಪಡಿಸಿಕೊಂಡು ಲೆನ್ಸಿಗೆ ಬೆರಳು ತೋರಿಸಿದರೆ ಬದಲಾದದ್ದು ಸಾಮಾನು ಮಾತ್ರ.

ಇದಕ್ಕೆ ಎದುರಾದ ಉದಾಹರಣೆ ಚೆನ್ನೈನಿಂದ. 2017ರ ಜನವರಿಯಲ್ಲಿ ಬಂದ 'ಪೊರಂಬೋಕು ಪಾಡಲ್'. ಹಾಡಿದವರು ಟಿ.ಎಂ. ಕೃಷ್ಣ, ಬರೆದವರು ಕಬೇರ್ ವಾಸುಕಿ, ರಾಗಗಳಲ್ಲಿ ಕೂಡಿಸಿದವರು ಆರ್.ಕೆ. ಶ್ರೀರಾಮ್‌ಕುಮಾರ್, ನಿರ್ದೇಶಕ ರತೀಂದ್ರನ್ ಪ್ರಸಾದ್. ಎಣ್ಣೂರಿನ ಅಳಿವೆ, ಉಷ್ಣ ವಿದ್ಯುತ್ ಸ್ಥಾವರಗಳ ಬೂದಿ, ಆ ಬೂದಿಯ ನಡುವೆ ಕರ್ನಾಟಕ ಸಂಗೀತ. ಸಾಹಿತ್ಯ ಚೆನ್ನೈನ ಬೀದಿಯ ತಮಿಳು. ಎಲ್ಲರಿಗೂ ಸೇರಿದ, ಅದರಿಂದಲೇ ಯಾರೂ ಕಾಯದ ನೆಲದ ಹಾಡು. ಇಲ್ಲಿ ಮುರಿದದ್ದು ಎಷ್ಟು, ಉಳಿಸಿಕೊಂಡದ್ದು ಎಷ್ಟು ಎಂದು ಲೆಕ್ಕ ಹಾಕಿ. ಆನಂದಭೈರವಿ ಆನಂದಭೈರವಿಯೇ, ಬೇಗಡೆ ಬೇಗಡೆಯೇ. ಕಚೇರಿಯ ಸಂಗೀತವನ್ನು ಸಡಿಲ ಮಾಡಿಲ್ಲ, ಡ್ರಮ್ಸ್ ಹಾಕಿ ಯುವಕರಿಗೆ ರುಚಿಸುವಂತೆ ಮಾಡಿಲ್ಲ. ಬದಲಾದದ್ದು ಎರಡೇ, ಜಾಗ ಮತ್ತು ಭಾಷೆ. ಸಭೆಯ ತಂಪಿನಲ್ಲಿ ಕೇಳಬೇಕಾದದ್ದನ್ನು ಮುಖಕ್ಕೆ ಮಾಸ್ಕ್ ಬೇಕಾಗುವ ಜಾಗದಲ್ಲಿ ಕೇಳುತ್ತೇವೆ. ಅಷ್ಟಕ್ಕೇ ಸಭೆ ಯಾರದು ಎಂಬ ಪ್ರಶ್ನೆ ಏಳುತ್ತದೆ.

ಇದೇ ರತೀಂದ್ರನ್ 2015ರಲ್ಲಿ ಸೋಫಿಯಾ ಅಶ್ರಫ್ ಅವರ 'ಕೊಡೈಕೆನಾಲ್ ವೋಂಟ್' ವಿಡಿಯೊವನ್ನೂ ಮಾಡಿದ್ದರು. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ಬಗ್ಗೆ, ಅಮೆರಿಕದ ನಿಕಿ ಮಿನಾಜಳ ಜನಪ್ರಿಯ ಹಾಡಿನ ಧಾಟಿಯಲ್ಲಿ. ಅಲ್ಲಿ ಅವರು ರ‍್ಯಾಪಿನ ಜಂಬವನ್ನೇ ಉಳಿಸಿಕೊಂಡರು, ಆದರೆ ಜಂಬದ ಬಾಯಿಂದ ಒಂದು ದೊಡ್ಡ ಕಂಪನಿಯ ಲೆಕ್ಕ ಕೇಳಿಸಿದರು. ಮರುವರ್ಷ ಆ ಕಂಪನಿ 591 ಮಂದಿ ಹಳೆಯ ಕಾರ್ಮಿಕರೊಂದಿಗೆ ಒಪ್ಪಂದಕ್ಕೆ ಬಂತು. ಕಾರ್ಮಿಕರ ಹೋರಾಟ ವರ್ಷಗಳಿಂದ ನಡೆದಿತ್ತು, ಹಾಡು ಅದಕ್ಕೆ ಕೊನೆಯಲ್ಲಿ ಕೈಜೋಡಿಸಿತು ಅಷ್ಟೆ. ಎರಡೂ ಕಡೆ ಕಟ್ಟಳೆಯನ್ನು ಚೆನ್ನಾಗಿ ಕಲಿತವರು ಒಂದೋ ಎರಡೋ ಕಡೆ ಮಾತ್ರ ಕೈ ಹಾಕಿದ್ದಾರೆ. ವಿದ್ಯಾರ್ಥಿಗಳ ವಿಡಿಯೊದಲ್ಲಿ ಹತ್ತು ಕಡೆ ಮುರಿದಿದ್ದರೆ ಸಾಮಾನ್ಯವಾಗಿ ಹತ್ತೂ ನಿಷ್ಫಲವಾಗಿರುತ್ತವೆ.

ಹುಡುಗರಿಗೆ ದಾರಿ ಸಲೀಸು ಮಾಡಿದ್ದು 2011ರ ನವೆಂಬರಿನ 'ಕೊಲವೆರಿ'. ಆಗಷ್ಟೇ ಲೊಯೋಲಾ ಕಾಲೇಜಿನಿಂದ ಹೊರಬಂದಿದ್ದ ಅನಿರುದ್ಧರ ಸಂಗೀತ, ಧನುಷ್ ಹಾಡು. ವಿಡಿಯೊದಲ್ಲಿ ಬೆಟ್ಟವಿಲ್ಲ, ಕುಣಿತವಿಲ್ಲ, ಕಥೆಯಿಲ್ಲ. ಸ್ಟುಡಿಯೊ, ಹೆಡ್‌ಫೋನು, ನಗು. ಸಿನಿಮಾ ಹಾಡಿಗೆ ಅದು ದೊಡ್ಡ ಮುರಿತ. ಆದರೆ ಮುರಿತಗಳಿಗೂ ವಯಸ್ಸಾಗುತ್ತದೆ. ಹಾಸ್ಟೆಲ್ ಕೋಣೆಯಲ್ಲಿ ಹೊದಿಕೆ ನೇತುಹಾಕಿ, ಹೆಡ್‌ಫೋನಿಗೆ ಒಂದು ಕೈ ಹಿಡಿದು, ಕಣ್ಣು ಮುಚ್ಚಿ ಹಾಡುವ ಕವರ್ ವಿಡಿಯೊಗಳು ಈಗ ಎಷ್ಟಿವೆಯೆಂದರೆ ಅದೇ ಕಟ್ಟಳೆಯಾಗಿದೆ. ತಮಿಳು ಚಿತ್ರರಂಗದಲ್ಲೂ ಹೀಗೇ ಆಗಿತ್ತು: ಮದರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಬಂದ ಹುಡುಗರು 1986ರಲ್ಲಿ 'ಊಮೈ ವಿಳಿಗಳ್' ಮಾಡಿ ಕೋಡಂಬಾಕಂನ ಹಳೆಯ ಸಿನಿಮಾದವರು ಬೆಚ್ಚಿ ನೋಡುವಂತೆ ಮಾಡಿದರು, ಆಮೇಲೆ ಅವರ ಬೆಳಕು, ಕತ್ತಲೆ, ಹೊಗೆ ಎಲ್ಲರ ಚಿತ್ರಕ್ಕೂ ಬಂತು.

ಈಗ ಕಸುಬಿನ ಒಂದು ವಿಷಯ. ತುಟಿಗಳನ್ನು ನೋಡಿ. ಹಾಡುಗಾರನ ತುಟಿ ಹಾಡಿಗೆ ಕೂಡುತ್ತಿದೆಯೇ? ಹುಡುಗರು ಬ್ಲೂಟೂತ್ ಸ್ಪೀಕರಿನಲ್ಲಿ ಹಾಡು ಹಾಕಿ, ಫೋನಿನಲ್ಲಿ ಚಿತ್ರ ತೆಗೆಯುತ್ತಾರೆ; ಆಮೇಲೆ ಹಾಡನ್ನು ಚಿತ್ರಕ್ಕೆ ಸರಿಯಾಗಿ ಕೂಡಿಸದಿದ್ದರೆ ತುಟಿ ಒಂದು ಕ್ಷಣ ಹಿಂದೆ ಬಿದ್ದಿರುತ್ತದೆ. ಅದು ಬರೀ ಅವಸರ. ಇನ್ನು ಕೆಲವು ವಿಡಿಯೊದಲ್ಲಿ ಕೂದಲು, ಸೆರಗು, ಧೂಳು ಎಲ್ಲ ನಿಧಾನವಾಗಿ ತೇಲುತ್ತವೆ, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂಡಿದೆ. ಇದನ್ನು ಕಂಡರೆ ಬೆನ್ನು ತಟ್ಟಿ. ಹಾಡನ್ನು ಎರಡರಷ್ಟು ವೇಗದಲ್ಲಿ ಓಡಿಸಿ, ಹುಡುಗಿ ಆ ವೇಗಕ್ಕೆ ತುಟಿ ಆಡಿಸಿ, ಸೆಕೆಂಡಿಗೆ 50 ಚೌಕಟ್ಟಿನಂತೆ ತೆಗೆದು 25ರಲ್ಲಿ ಓಡಿಸಿದರೆ ಹೀಗೆ ಬರುತ್ತದೆ. ಶೂಟಿಂಗ್ ಜಾಗದಲ್ಲಿ ನಿಂತು ನೋಡಿದರೆ ಇಲಿಮರಿಗಳ ಜಗಳದಂತೆ ಕೇಳುವ ಆ ದನಿಗೆ ಗಂಭೀರ ಮುಖ ಮಾಡಿ ತುಟಿ ಕೂಡಿಸುವುದು ಸುಲಭವಲ್ಲ. ಇಷ್ಟು ಕಷ್ಟಪಟ್ಟವರಿಗೆ ನಿಧಾನ ಯಾಕೆ ಬೇಕಾಯಿತು ಎಂಬುದೂ ಸಾಮಾನ್ಯವಾಗಿ ಗೊತ್ತಿರುತ್ತದೆ.

ಬಡತನವನ್ನೂ ಬಂಡಾಯವನ್ನೂ ಬೇರೆ ಮಾಡಿ ನೋಡಿ. ಕ್ಯಾಮೆರಾ ಅಲುಗಾಡುವುದು, ಮುಖಕ್ಕಿಂತ ಆಕಾಶವೇ ಬೆಳ್ಳಗಿರುವುದು, ಒಂದೇ ಜಾಗದಲ್ಲಿ ಎಲ್ಲ ಮುಗಿಯುವುದು ಹಣವಿಲ್ಲದ್ದರಿಂದ ಆಗಬಹುದು, ಬೇಕೆಂದೇ ಆಗಬಹುದು. ಪರೀಕ್ಷೆ ಸರಳ: ಕೊರತೆ ಹಾಡಿನುದ್ದಕ್ಕೂ ಒಂದೇ ರೀತಿ ಇದ್ದರೆ ಅದು ತೀರ್ಮಾನ, ಅಲ್ಲೊಮ್ಮೆ ಇಲ್ಲೊಮ್ಮೆ ಬಂದರೆ ಎಡವಟ್ಟು. ಅಮೆರಿಕದ 'ಓಕೆ ಗೋ' ತಂಡ 2006ರಲ್ಲಿ ಎಂಟು ಟ್ರೆಡ್‌ಮಿಲ್‌ಗಳ ಮೇಲೆ ಕುಣಿದು, ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿ, ಎಲ್ಲೂ ಕತ್ತರಿಸದೆ ಮಾಡಿದ ವಿಡಿಯೊಗೆ ಗ್ರ್ಯಾಮಿ ಬಂತು. ಸರಕು ಇಷ್ಟೇ ಎಂದು ಒಪ್ಪಿಕೊಂಡು ಅದನ್ನೇ ನಿಯಮ ಮಾಡಿಕೊಂಡದ್ದು ಅವರ ಜಾಣತನ.

ಪ್ಲಾಟ್‌ಫಾರಂ ಹಾಡುಗಳ ಬಗ್ಗೆ ಒಂದು ಕಿವಿಮಾತು ಬೇಕೇ ಬೇಕು. ಮೊರಪ್ಪೂರಿನಂಥ ನಿಲ್ದಾಣ ಹತ್ತಿರವಿದ್ದರೆ ಹುಡುಗರ ಕಣ್ಣು ಹಳಿಯ ಮೇಲೇ. ಹಳಿಯ ಮೇಲೆ ಅಕ್ರಮವಾಗಿ ಓಡಾಡಿದರೆ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ಮುಖ್ಯ, ರೈಲು ಬರುವುದು ಹೆಡ್‌ಫೋನ್ ಹಾಕಿದವನಿಗೆ ಕೇಳುವುದಿಲ್ಲ. ಮತ್ತೆ ಆ ಚಿತ್ರ ಹಳಸಿದ್ದು ಕೂಡ. ಮೊರಪ್ಪೂರಿನಿಂದ ಧರ್ಮಪುರಿಗೆ ಹಿಂದೆ ಕಿರಿ ಅಳತೆಯ ರೈಲು ಓಡುತ್ತಿತ್ತು, ಎರಡನೇ ಮಹಾಯುದ್ಧದ ಹೊತ್ತಿಗೆ ಅದು ನಿಂತಿತು. ಮತ್ತೆ ಹಳಿ ಹಾಕುವ ಮಾತು ವರ್ಷಗಳಿಂದ ನಡೆದಿದೆ. ಬಿಟ್ಟುಹೋದ ಹುಡುಗಿಯ ಹಾಡಿಗೆ ಇರುವ ಹಳಿಗಿಂತ ಇಲ್ಲದ ಹಳಿಯ ದಾರಿಯಲ್ಲಿ, ಹುಣಿಸೆ ಮರಗಳ ಪಕ್ಕ ನಡೆಯುವ ಹುಡುಗ ಚೆನ್ನಾಗಿ ಹೊಂದುತ್ತಾನೆ. ಕಟ್ಟಳೆ ಹಾಗೆಯೇ ಇರುತ್ತದೆ, ಊರು ಅದರೊಳಗೆ ಬರುತ್ತದೆ. ಅಂಥದ್ದನ್ನು ಯಾರಾದರೂ ಮಾಡಿದರೆ ನಾನು ಎರಡು ಸಲ ನೋಡುತ್ತೇನೆ.

ಕೊನೆಗೆ ನಿಮ್ಮ ಪಾಲಿನ ಕೆಲಸ. ವಿಡಿಯೊ ಕಳಿಸಿದ ಹುಡುಗರಿಗೆ ಬೆಂಕಿಯ ಚಿತ್ರವನ್ನೋ 'ಸೂಪರ್ ತಮ್ಮಾ' ಎಂಬ ಎರಡು ಮಾತನ್ನೋ ಕಳಿಸಿ ಸುಮ್ಮನಾಗಬೇಡಿ. ಒಂದು ಶಾಟ್ ಹೆಸರಿಸಿ ಕೇಳಿ: 'ಎರಡನೇ ಚರಣದಲ್ಲಿ ಅಜ್ಜಿಯ ಮುಖ ಬಂತಲ್ಲಪ್ಪ, ಅದು ಯಾಕೆ?' 'ಚೆನ್ನಾಗಿರುತ್ತೆ ಅಂತ ಹಾಕಿದ್ವಿ ಅಣ್ಣ' ಎಂದರೆ ಬೇಸರ ಬೇಡ, ಇನ್ನೊಂದು ಶಾಟ್ ಕೇಳಿ. ಯಾವ ಹಾಡು ನೋಡಿ ಇದನ್ನು ಮಾಡಿದರು ಎಂದೂ ಕೇಳಿ, ಆ ಹಾಡನ್ನು ನೀವೂ ನೋಡಿ. ಅವರ ಮುಂದಿನ ವಿಡಿಯೊ ಬರುವ ಹೊತ್ತಿಗೆ ನಿಮಗೂ ಅವರಿಗೂ ಮಾತಾಡಲು ಒಂದು ವಿಷಯ ಇರುತ್ತದೆ.