ಹನ್ನೆರಡನೇ ಕಾಲಮ್ಮಿನಲ್ಲಿ ಯಾರಿದ್ದಾರೆ?

ಸರಕಾರಿ ಕಚೇರಿಗೆ ಕಂಪ್ಯೂಟರ್ ಬಂದ ಕಥೆಗಳಿಗೆಲ್ಲ ಸುಮಾರಾಗಿ ಒಂದೇ ಹಂದರ. ಮೊದಲು ಧೂಳು ಹಿಡಿದ ಕಡತ, ಕೈ ಚಾಚುವ ಗುಮಾಸ್ತ, ಅಲೆದು ಸುಸ್ತಾದ ಬಡವ. ಆಮೇಲೆ ಒಬ್ಬ ದಕ್ಷ ಅಧಿಕಾರಿ ಮತ್ತು ಒಂದು ತಂತ್ರಾಂಶ. ಕೊನೆಗೆ ಗಾಜಿನ ಕೌಂಟರು, ಅಚ್ಚಾದ ಕಾಗದ ಹಿಡಿದು ನಗುವ ರೈತನ ಫೋಟೋ. ಕಥೆ ಬರೆಯುವ ನಮಗೆ ಇಂಥ ಕಥೆಗಳ ಮೇಲೆ ಸ್ವಲ್ಪ ಗುಮಾನಿ. ಖಳನಾಯಕ ಇಷ್ಟು ಸುಲಭವಾಗಿ ಸೋತನೆಂದರೆ, ಯಾವುದೋ ಒಂದು ಪಾತ್ರವನ್ನು ಹೇಳದೇ ಬಿಟ್ಟಿದ್ದಾರೆ ಎಂದೇ ಅರ್ಥ.

ಈಗ ಎಲ್ಲೆಲ್ಲೂ ಕೇಳಿಬರುವ 'ಡಿಜಿಟಲ್ ಪರಿವರ್ತನೆ', 'ಪ್ರಕ್ರಿಯೆ ಸುಧಾರಣೆ' ಎಂಬ ಮಾತುಗಳು ಹುಟ್ಟಿದ್ದು ಕಂಪನಿಗಳ ಅಂಗಳದಲ್ಲಿ. 1990ರಲ್ಲಿ ಅಮೆರಿಕದ ಮೈಕೆಲ್ ಹ್ಯಾಮರ್ ಎಂಬ ಪ್ರಾಧ್ಯಾಪಕ 'ಹಾರ್ವರ್ಡ್ ಬಿಸಿನೆಸ್ ರಿವ್ಯೂ' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಹಳೆಯ ಕೆಲಸವನ್ನು ಹಾಗೆಯೇ ಯಂತ್ರಕ್ಕೆ ಒಪ್ಪಿಸಿದರೆ ಪ್ರಯೋಜನವಿಲ್ಲ, ಬೇಡದ ಕೆಲಸವನ್ನು ಬೇರುಸಹಿತ ಕೀಳಬೇಕು ಎಂಬುದು ಅವರ ವಾದದ ತಿರುಳು. ಅವರು ಕೊಟ್ಟ ಉದಾಹರಣೆ ಫೋರ್ಡ್ ಕಂಪನಿಯದು. ಸರಕು ಪೂರೈಸಿದವರಿಗೆ ಹಣ ಪಾವತಿಸುವ ವಿಭಾಗದಲ್ಲಿ ಅಲ್ಲಿ 500ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಜಪಾನಿನ ಮಜ್ದಾ ಕಂಪನಿಯಲ್ಲಿ ಅದೇ ಕೆಲಸಕ್ಕೆ ಇದ್ದವರು 5 ಜನ. ಫೋರ್ಡ್ ಬಿಲ್ಲು ತರಿಸಿಕೊಳ್ಳುವ ಪದ್ಧತಿಯನ್ನೇ ಕೈಬಿಟ್ಟಿತು. ಸರಕು ಬಂದ ಬಾಗಿಲಲ್ಲೇ ಗುಮಾಸ್ತ ಕಂಪ್ಯೂಟರಿನಲ್ಲಿ ತಾಳೆ ನೋಡಿದರೆ ಸಾಕು, ಹಣ ಹೋಗುತ್ತದೆ. ವಿಭಾಗದ ನಾಲ್ಕರಲ್ಲಿ ಮೂರು ಪಾಲು ಜನ ಬೇಡವಾದರು.

ಈ ಪಂಥ ಮುಂದೆ ಏನಾಯಿತು ಎಂಬುದನ್ನೂ ಹೇಳಬೇಕು. ಅದರ ಸ್ಥಾಪಕರಲ್ಲಿ ಒಬ್ಬರಾದ ಥಾಮಸ್ ಡಾವೆನ್‌ಪೋರ್ಟ್ 1995ರಲ್ಲಿ, ಈ ಗೀಳು ಮನುಷ್ಯರನ್ನೇ ಮರೆತಿತು ಎಂದು ಬರೆದರು. ಮರುವರ್ಷ ಹ್ಯಾಮರ್ ಕೂಡ, ತಾನು ಎಂಜಿನಿಯರನ ಕಣ್ಣಿನಿಂದ ನೋಡಿದೆ, ಮನುಷ್ಯರ ಮಗ್ಗುಲನ್ನು ಸಾಕಷ್ಟು ಗಮನಿಸಲಿಲ್ಲ ಎಂಬರ್ಥದ ಮಾತು ಆಡಿದರು. ಗುರುಗಳೇ ಹೀಗೆಂದ ಮೇಲೂ ಮಂತ್ರ ಮಾತ್ರ ಖಂಡಾಂತರ ಸಂಚರಿಸಿ, ನಮ್ಮ ತಾಲ್ಲೂಕು ಕಚೇರಿಗಳ ತನಕ ಬಂತು.

ಕರ್ನಾಟಕದ 'ಭೂಮಿ' ಯೋಜನೆಯನ್ನು ಈ ಬೆಳಕಿನಲ್ಲಿ ಓದಬೇಕೆಂಬುದು ನಮ್ಮ ಆಸೆ. ಹಾಗೆ ಓದುವ ಮುನ್ನ ಅದರ ಋಣ ಒಪ್ಪಿಕೊಳ್ಳುವುದು ನ್ಯಾಯ. ಈ ಶತಮಾನದ ಆರಂಭದಲ್ಲಿ, ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳತ್ವದಲ್ಲಿ, ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಅದಕ್ಕೂ ಮುಂಚೆ ಈ ದಾಖಲೆಗಳು ಸುಮಾರು 9000 ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ಲೆಕ್ಕಿಗ ಊರಲ್ಲಿಲ್ಲವೆಂದರೆ ಪಹಣಿಯೂ ಇಲ್ಲ. ಅವನು ಮುನಿದರೆ ಸಾಲವೂ ಇಲ್ಲ, ಜಾಮೀನೂ ಇಲ್ಲ. 'ಭೂಮಿ' ಬಂದ ಮೇಲೆ 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿ ಕೊಟ್ಟವರಿಗೆ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಾಯಿತು. ದಾಖಲೆ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ನಾನು ಮಾಡಿಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಬಳಕೆದಾರರನ್ನು ಕೇಳಿದಾಗ, ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವು ಎಂದವರು ನೂರಕ್ಕೆ 66 ಮಂದಿ. ಹೊಸ ಕೇಂದ್ರಗಳಲ್ಲಿ ನೂರಕ್ಕೆ 3. ಒಂದು ಕಾಗದಕ್ಕಾಗಿ ವಾರಗಟ್ಟಲೆ ಕೂಲಿ ಕಳೆದುಕೊಂಡವರಿಗೆ ಇದು ಸಣ್ಣ ಮಾತಲ್ಲ. ಹಳೆಯ ಶಾನುಭೋಗಿಕೆಯ ದಿನಗಳು ಚೆನ್ನಾಗಿದ್ದವು ಎಂದು ಹಲುಬುವವರ ಜೊತೆ ನಾವಿಲ್ಲ.

ನಮ್ಮ ತಕರಾರು ಬೇರೆ. ಕೌಂಟರು ಸುಧಾರಿಸಿತು, ಸರಿ. ಕೌಂಟರಿನಿಂದ ಹೊರಬರುವ ಕಾಗದದಲ್ಲಿ ಬರೆದಿದ್ದು ಸುಧಾರಿಸಿತೇ?

ಪಹಣಿಯನ್ನು ಒಂದು ಕೃತಿಯೆಂದು ಓದಿ ನೋಡಿ. ಅದರ ಭಾಷೆಯೇ ಒಂದು ಚರಿತ್ರೆ. ಹಿಸ್ಸಾ, ಖರಾಬು, ತಕರಾರು, ನಕಲು, ಜಮಾಬಂದಿ, ತಹಶೀಲ್ದಾರ್: ಅರಬ್ಬಿ, ಪಾರ್ಸಿಯಿಂದ ಬಂದು ಕನ್ನಡದ ಮಣ್ಣಿನಲ್ಲಿ ಬೇರೂರಿದ ಪದಗಳು. ಹಳೇ ಮೈಸೂರಿನ ದಾಖಲೆಗಳಲ್ಲಿ ಗೌಡರಿರಲಿ, ಲಿಂಗಾಯತರಿರಲಿ, ಹೊಲೆಯರಿರಲಿ, ಎಲ್ಲರೂ ತಮ್ಮ ತಂದೆಗೆ 'ಬಿನ್'. ಮಗ ಎಂಬರ್ಥದ ಈ ಅರಬ್ಬಿ ಪದವನ್ನು ಬಳಸುವಾಗ ಯಾರಿಗೂ ಅದು ಪರಕೀಯ ಅನ್ನಿಸಿಲ್ಲ. ಭಾಷೆಯ ಮಟ್ಟಿಗೆ ಪಹಣಿಯಷ್ಟು ಸೌಹಾರ್ದದ ಪುಸ್ತಕ ಇನ್ನೊಂದಿಲ್ಲ. ಹಕ್ಕಿನ ಮಟ್ಟಿಗೆ ಮಾತ್ರ ಅದು ಯಾವತ್ತೂ ಬಲವಿದ್ದವರ ಪುಸ್ತಕ.

ಪಹಣಿಯಲ್ಲಿ ಒಂಬತ್ತನೇ ಕಾಲಂ ಭೂಮಿಯ ಸ್ವಾಧೀನದಾರನದು. ಹನ್ನೊಂದನೆಯದು ಋಣ ಮತ್ತು ಇತರ ಹಕ್ಕುಗಳದು. ಹನ್ನೆರಡನೇ ಕಾಲಮ್ಮಿನಲ್ಲಿ ಬರಬೇಕಾದದ್ದು ಬೆಳೆಯ ವಿವರ ಮತ್ತು ಆ ಭೂಮಿಯನ್ನು ನಿಜವಾಗಿ ಉಳುವವನ ಹೆಸರು. ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದ ಗೇಣಿದಾರರಿಗೆ ಭೂ ನ್ಯಾಯಮಂಡಳಿಗಳ ಮುಂದೆ ಈ ಕಾಲಮ್ಮೇ ದೊಡ್ಡ ಆಧಾರ. ಇಲ್ಲಿ ಹೆಸರಿದ್ದವನಿಗೆ ಭೂಮಿ ದಕ್ಕುವ ದಾರಿ ಸಲೀಸಾಯಿತು; ತಲೆಮಾರುಗಳಿಂದ ಉತ್ತಿದ್ದರೂ ಹೆಸರಿಲ್ಲದವನು ಸಾಕ್ಷಿಗಳನ್ನು ಹುಡುಕಿ ಹೊರಟ. ಊರ ದಣಿಯ ಜಗಲಿಯಲ್ಲಿ ಕೂತು ಲೆಕ್ಕ ಬರೆಯುವವನು ಹನ್ನೆರಡನೇ ಕಾಲಮ್ಮಿನಲ್ಲಿ ಯಾರ ಹೆಸರು ಬರೆಯುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವ ತನಕ ಸತ್ಯ. ಸಾಬೀತು ಮಾಡುವ ಹೊರೆ ಯಾರದು? ಹೆಸರಿಲ್ಲದವನದು.

ಈ ಕಾಗದವೇ ಕಂಪ್ಯೂಟರಿಗೆ ಏರಿತು. ಹೊಲಕ್ಕೆ ಹೋಗಿ ಉಳುವವರನ್ನು ಕೇಳಿ ಬರೆದುಕೊಂಡ ಹೊಸ ಪಟ್ಟಿಯೇನೂ ಅಲ್ಲ. ಲೆಕ್ಕಿಗನ ಪುಸ್ತಕದಲ್ಲಿ ಇದ್ದದ್ದು ತೆರೆಯ ಮೇಲೆ ಬಂತು. ಹ್ಯಾಮರ್ ಎಚ್ಚರಿಸಿದ್ದು ಇದನ್ನೇ: ಹಳೆಯದನ್ನು ಹಾಗೆಯೇ ಯಂತ್ರಕ್ಕೆ ಹಾಕಬೇಡಿ ಎಂದು. ಆದರೆ ಅವರಿಗೆ ಕಂಡ ಹಳೆಯದು ಕೆಲಸದ ವಿಳಂಬ. ನಮಗೆ ಕಾಣುವ ಹಳೆಯದು ಅನ್ಯಾಯ. ಕೈಬರಹದ ಪುಸ್ತಕದ ಬಗ್ಗೆ ಜನಕ್ಕೆ ಒಂದು ಸಂಶಯವಾದರೂ ಇತ್ತು. ಇದು ಇಂಥವನ ಅಕ್ಷರ, ಇಂಥವನ ಮಾತು ಕೇಳಿ ಬರೆದದ್ದು ಎಂದು ಕಟ್ಟೆಯ ಮೇಲೆ ಕೂತು ಆಡಿಕೊಳ್ಳುತ್ತಿದ್ದರು. ಅಚ್ಚಾಗಿ ಬಂದ ಕಾಗದಕ್ಕೆ ಯಾರ ಅಕ್ಷರವೂ ಇಲ್ಲ. ಕಂಪ್ಯೂಟರೇ ಹೇಳುತ್ತಿದೆ ಎಂದ ಮೇಲೆ ಬಡವನ ಬಾಯಿ ಕಟ್ಟಿದಂತೆ.

ಉಳುವವನ ಇವತ್ತಿನ ಸ್ಥಿತಿ ನೋಡಿ. ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆ ಸೈನಿಕರಂಥ ಕೆಲವರ ಭೂಮಿಯನ್ನು ಬಿಟ್ಟರೆ ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿದೆ. ಉಳುವವನಿಗೆ ರಕ್ಷಣೆಯಾಗಿ ಬಂದ ನಿಷೇಧ ಅದು. ಆದರೆ ಊರುಗಳಲ್ಲಿ ಕೋರು, ಪಾಲು, ಲಾವಣಿ ಎಂಬ ಹೆಸರಿನಲ್ಲಿ ಬಾಯಿಮಾತಿನ ಗೇಣಿ ನಡೆದೇ ಇದೆ. ಹಾಗೆ ಉಳುವವರಲ್ಲಿ ದಲಿತರಿದ್ದಾರೆ, ತುಂಡು ಭೂಮಿಯೂ ಇಲ್ಲದ ಸಾಬರಿದ್ದಾರೆ, ಹಿಂದುಳಿದ ಜಾತಿಗಳ ವಿಧವೆಯರಿದ್ದಾರೆ. 2020ರಲ್ಲಿ ರೈತರೇ ಮೊಬೈಲಿನಲ್ಲಿ ಬೆಳೆಯ ಫೋಟೋ ಹಾಕುವ ಬೆಳೆ ಸಮೀಕ್ಷೆ ಆ್ಯಪ್ ಬಂತು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದು ಈಗ ಮೊದಲಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಬೆಳೆದದ್ದು ಯಾರು ಎಂಬ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ. ಮಳೆ ಕೈಕೊಟ್ಟ ವರ್ಷ ಬೆಳೆ ಪರಿಹಾರ ನೇರವಾಗಿ ಬ್ಯಾಂಕಿಗೆ ಹೋಗುತ್ತದೆ. ಮಧ್ಯವರ್ತಿಯಿಲ್ಲ, ಲಂಚವಿಲ್ಲ, ತಡವೂ ಕಡಿಮೆ. ಹೋಗುವುದು ಒಂಬತ್ತನೇ ಕಾಲಮ್ಮಿನವನ ಖಾತೆಗೆ. ಬೀಜ ಗೊಬ್ಬರಕ್ಕೆ ಸಾಲ ಮಾಡಿದವನು, ಪಟ್ಟಣದಲ್ಲಿರುವ ಯಜಮಾನ ದಯೆ ತೋರಿ ಒಂದಿಷ್ಟು ಕೊಟ್ಟಾನೇ ಎಂದು ಕಾಯಬೇಕು. ಪ್ರಕ್ರಿಯೆ ಸುಧಾರಿಸಿದಷ್ಟೂ ಅವನು ದೂರವಾಗುತ್ತ ಹೋಗುತ್ತಾನೆ, ಏಕೆಂದರೆ ಪ್ರಕ್ರಿಯೆಯ ಕಣ್ಣಿಗೆ ಅವನು ಇಲ್ಲ.

'ಬಗರ್ ಹುಕುಂ' ರೈತರ ಪಾಡೂ ಅಷ್ಟೇ. ಹುಕುಮಿಲ್ಲದೆ ಎಂಬರ್ಥದ ಈ ಉರ್ದು ಮಾತು ಸರಕಾರಿ ಭೂಮಿಯನ್ನು ಉತ್ತು ಬದುಕಿದ ಬಡವರ ಹೆಸರೇ ಆಗಿಬಿಟ್ಟಿದೆ. ನಮೂನೆ 50, ನಮೂನೆ 53, ನಮೂನೆ 57 ಎಂದು ಒಂದಾದ ಮೇಲೊಂದು ಅರ್ಜಿಗಳಾದವು. ಈಗ ಉಪಗ್ರಹದ ಚಿತ್ರ ನೋಡಿ ಸಾಗುವಳಿ ಇತ್ತೇ ಇಲ್ಲವೇ ಎಂದು ತೀರ್ಮಾನಿಸುವ ಕಾಲ. ಸುಳ್ಳು ಅರ್ಜಿ ಹಾಕುವ ಬಲಾಢ್ಯರನ್ನು ಹಿಡಿಯಲು ಅದು ಒಳ್ಳೆಯ ಸಾಧನವೇ ಇರಬಹುದು. ಆದರೆ ಆಕಾಶದಿಂದ ಹಸಿರು ಕಾಣುತ್ತದೆ, ಕೈ ಕಾಣುವುದಿಲ್ಲ.

ಇನ್ನು ಸತ್ತವರ ಕಥೆ. ಮರಣಾನಂತರ ವಾರಸುದಾರರ ಹೆಸರಿಗೆ ಮಾಡುವ ಖಾತೆಗೆ 'ಪೌತಿ ಖಾತೆ' ಎನ್ನುತ್ತಾರೆ. 'ಫೌತ್' ಎಂದರೆ ಅರಬ್ಬಿಯಲ್ಲಿ ಸಾವು. ಎಲ್ಲ ಕಂಪ್ಯೂಟರಿಗೆ ಬಂದು ಇಷ್ಟು ವರ್ಷಗಳಾದರೂ ಎಷ್ಟೋ ಜಮೀನುಗಳು ಅಜ್ಜ, ಮುತ್ತಜ್ಜಂದಿರ ಹೆಸರಿನಲ್ಲೇ ಇವೆ. ಕಂದಾಯ ಇಲಾಖೆ ಅದಕ್ಕಾಗಿಯೇ ಪೌತಿ ಖಾತೆ ಆಂದೋಲನ ನಡೆಸಬೇಕಾಗಿ ಬಂದಿದೆ. ಯಂತ್ರ ಸೋಮಾರಿಯೆಂದು ಹೀಗಾಗಿಲ್ಲ. ಅಣ್ಣತಮ್ಮಂದಿರ ಜಗಳ, ಪೋಡಿಯಾಗದ ಹಿಸ್ಸಾ, ಅಳತೆಗೆ ಬಾರದ ಸರ್ವೆಯರ್, ಇವೆಲ್ಲ ತಂತ್ರಾಂಶದ ಹೊರಗಿನ ಸಂಗತಿಗಳು.

ಪೌತಿ ಖಾತೆಗೆ ಬೇಕಾದ ಮುಖ್ಯ ಕಾಗದ ವಂಶವೃಕ್ಷ. ಆ ವೃಕ್ಷದಲ್ಲಿ ಹೆಣ್ಣುಮಕ್ಕಳ ಕೊಂಬೆ ಎಷ್ಟು ಸಲ ಮಾಯವಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲೇ, ದೇಶದಲ್ಲಿ 2005ರಲ್ಲಿ ಬಂತು. ನಮ್ಮವರಿಗಂತೂ ಮಗಳ ಪಾಲು ಧರ್ಮಗ್ರಂಥದಲ್ಲೇ ಲೆಕ್ಕ ಹಾಕಿಟ್ಟದ್ದು. ಮಿಂಬರಿನಿಂದ ಆ ಲೆಕ್ಕ ಹೇಳಿ, ತಾಲ್ಲೂಕು ಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ತಂಗಿಯ ಹೆಸರನ್ನು ಬಿಡುವ ಮನೆಗಳು ನಮ್ಮಲ್ಲಿ ಕಡಿಮೆಯೇ? ಮದುವೆಗೆ ಕೊಟ್ಟಿದ್ದೇವಲ್ಲ ಎಂಬ ಒಂದು ಮಾತಿನಲ್ಲಿ ಹಕ್ಕು ಬಿಡುಗಡೆಯಾಗಿ ಹೋಗುತ್ತದೆ. ಇದನ್ನು ಸರಕಾರದ ತಲೆಗೆ ಕಟ್ಟಿ ನಾವು ಕೈ ತೊಳೆಯುವಂತಿಲ್ಲ. ಆದರೆ ಒಂದು ಮಾತು: ಒಮ್ಮೆ ಆ ವೃಕ್ಷ ತಂತ್ರಾಂಶದೊಳಗೆ ಹೋಯಿತೆಂದರೆ ತಂಗಿ ತಿರುಗಿ ಬರುವುದು ಕಷ್ಟ. ತಿದ್ದುಪಡಿಗೆ ತಹಶೀಲ್ದಾರ್, ಮೇಲ್ಮನವಿಗೆ ಉಪವಿಭಾಗಾಧಿಕಾರಿ, ಅಲ್ಲಿಂದ ಮುಂದೆ ಜಿಲ್ಲಾಧಿಕಾರಿ. ಪಹಣಿ ತೆಗೆಯಲು ಐದು ನಿಮಿಷ, ತಿದ್ದಿಸಲು ಐದು ವರ್ಷ ಎಂದು ಜನ ಆಡಿಕೊಳ್ಳುವುದು ಸುಮ್ಮನೆ ಅಲ್ಲ.

ಅಧಿಕಾರ ಕರಗಿತೇ, ಜಾಗ ಬದಲಿಸಿತೇ ಎಂಬುದು ಇನ್ನೊಂದು ಪ್ರಶ್ನೆ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೆದಕಿತು. ಹಳ್ಳಿಯ ಮಟ್ಟದಲ್ಲಿದ್ದ ದಾಖಲೆ ತಾಲ್ಲೂಕಿಗೆ, ರಾಜಧಾನಿಗೆ ಕೇಂದ್ರೀಕೃತವಾದಾಗ ಬೆಂಗಳೂರಿನ ಸುತ್ತಲಿನ ಭೂಮಿಯನ್ನು ದೊಡ್ಡ ಪ್ರಮಾಣದಲ್ಲಿ ಹುಡುಕುವವರಿಗೆ ಅನುಕೂಲವಾಯಿತು, ಲಂಚವೂ ಮೇಲಿನ ಹಂತಕ್ಕೆ ಏರಿತು ಎಂದು ಅವರು ವಾದಿಸಿದರು. ಅವರ ಎಲ್ಲ ಮಾತನ್ನೂ ಒಪ್ಪಬೇಕಿಲ್ಲ. ಆದರೆ 2020ರ ತಿದ್ದುಪಡಿಯಲ್ಲಿ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ತಡೆಗಳು ತೆಗೆದುಹೋದ ಮೇಲೆ ಆ ವಾದವನ್ನು ಮತ್ತೊಮ್ಮೆ ಓದಬೇಕೆನಿಸುತ್ತದೆ. ಎಲ್ಲರಿಗೂ ತೆರೆದ ಮಾಹಿತಿ ಎಲ್ಲರಿಗೂ ಸಮಾನ ಲಾಭ ತರುವುದಿಲ್ಲ. ಹಣವಿದ್ದವನಿಗೆ ಅದು ನಕ್ಷೆ, ಇಲ್ಲದವನಿಗೆ ಒಂದು ಹಾಳೆ.

ಕೌಂಟರಿನ ಆಚೆ ಕೂತವನನ್ನೂ ಮರೆಯಬಾರದು. ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೊಸ ಹೆಸರು ಪಡೆದಿರುವ ಗ್ರಾಮ ಲೆಕ್ಕಿಗರು 2024ರ ಸೆಪ್ಟೆಂಬರಿನಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಒಂದರ ಮೇಲೊಂದರಂತೆ ಬರುವ ಮೊಬೈಲ್ ಆ್ಯಪ್‌ಗಳ ಹೊರೆ, ಅದಕ್ಕೆ ತಕ್ಕ ಸೌಕರ್ಯವಿಲ್ಲದಿರುವುದು ಅವರ ಮುಖ್ಯ ದೂರುಗಳಲ್ಲಿ ಒಂದು. ಒಂದು ಕಾಲದಲ್ಲಿ ಊರನ್ನೇ ಕುಣಿಸಿದ ಲೆಕ್ಕಿಗ ಇವತ್ತು ಆ್ಯಪ್ ಕುಣಿಸಿದಂತೆ ಕುಣಿಯುತ್ತಿದ್ದಾನೆ. ಇದು ಸೇಡು ತೀರಿದ ಸಂತೋಷಕ್ಕೆ ಕಾರಣವಾಗಬಾರದು. ಫೋಟೋ ಹಾಕಿ, ಗುರಿ ಮುಟ್ಟಿಸಿ, ಮುಂದಿನದಕ್ಕೆ ಓಡುವವನು ಹೊಲದ ಬದುವಿನಲ್ಲಿ ನಿಂತು, ಇದನ್ನು ಯಾರಮ್ಮ ಉಳುತ್ತಿರುವುದು ಎಂದು ಕೇಳುವ ವ್ಯವಧಾನ ಎಲ್ಲಿಂದ ತರಬೇಕು?

ಜಪಾನಿನ ಟೊಯೊಟಾ ಕಾರ್ಖಾನೆಯ ಪದ್ಧತಿಯನ್ನು ಈ ಸುಧಾರಣಾ ಪಂಡಿತರೆಲ್ಲ ಹೊಗಳುತ್ತಾರೆ. ತೈಚಿ ಓಹ್ನೊ ರೂಪಿಸಿದ ಆ ಪದ್ಧತಿಯಲ್ಲಿ ಎರಡು ಮಾತು ಮುಖ್ಯ. ಒಂದು, ವರದಿ ನಂಬಿ ಕೂರಬೇಡ, ಕೆಲಸ ನಡೆಯುವ ಜಾಗಕ್ಕೆ ಹೋಗಿ ಕಣ್ಣಾರೆ ನೋಡು. ಎರಡು, ತಪ್ಪು ಕಂಡ ಯಾವ ಕಾರ್ಮಿಕನೂ ಒಂದು ಹಗ್ಗ ಎಳೆದರೆ ಮೇಲಿನವರು ಅವನ ಬಳಿ ಬರಬೇಕು. ಅಲ್ಲೇ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲಬೇಕು. ನಮ್ಮ ಕಚೇರಿಗಳು ಜಪಾನಿನಿಂದ ವೇಗವನ್ನು ತಂದವು, ಹಗ್ಗವನ್ನು ಅಲ್ಲೇ ಬಿಟ್ಟವು. ಆಧಾರಿನಲ್ಲಿ ಮೊಹಮ್ಮದ್ ಗೌಸ್, ಪಹಣಿಯಲ್ಲಿ ಗೌಸುಸಾಬ ಎಂದಿರುವ ಒಬ್ಬ ರೈತ, ಇಬ್ಬರೂ ನಾನೇ ಎಂದು ಹೇಳಲು ಎಳೆಯಬೇಕಾದ ಹಗ್ಗ ಯಾವುದು? ಉರ್ದುವಿನಲ್ಲಿ ಕರೆದ ಹೆಸರು, ಕನ್ನಡದಲ್ಲಿ ಬರೆದ ಹೆಸರು, ಇಂಗ್ಲಿಷಿನಲ್ಲಿ ಅಚ್ಚಾದ ಹೆಸರು ತಾಳೆಯಾಗದೆ ಹಣ ನಿಂತವರು ನಮ್ಮಲ್ಲಿ ಮಾತ್ರವಲ್ಲ, ಎಲ್ಲ ಜಾತಿಗಳಲ್ಲೂ ಇದ್ದಾರೆ.

ಹಾಗಾಗಿ ಕಂಪ್ಯೂಟರ್ ಬೇಡ ಎಂಬ ಕೂಗು ನಮ್ಮದಲ್ಲ. 2024ರಲ್ಲಿ ಸರಕಾರ 'ಭೂ ಸುರಕ್ಷಾ' ಎಂಬ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆ ಕೋಣೆಗಳನ್ನೇ ಸ್ಕ್ಯಾನ್ ಮಾಡಿಸತೊಡಗಿತು. ಕಡತ ಕದ್ದು, ತಿದ್ದಿ, ಸುಟ್ಟು ಭೂಮಿ ನುಂಗಿದವರನ್ನು ಕಂಡ ನಾಡಿಗೆ ಅದು ಬೇಕಾದ ಕೆಲಸವೇ. ನಮ್ಮ ಬೇಡಿಕೆ ಇಷ್ಟು: ಸುಧಾರಣೆಯ ಅಳತೆಗೋಲು ಎಷ್ಟು ನಿಮಿಷದಲ್ಲಿ ಕಾಗದ ಬಂತು ಎಂಬುದೊಂದೇ ಆಗದಿರಲಿ. ಎಷ್ಟು ತಪ್ಪು ತಿದ್ದಲಾಯಿತು, ತಿದ್ದಲು ಎಷ್ಟು ದಿನ ಹಿಡಿಯಿತು ಎಂಬುದನ್ನೂ ತಾಲ್ಲೂಕುವಾರು ಲೆಕ್ಕ ಹಾಕಿ ಹೇಳಲಿ. ವಂಶವೃಕ್ಷಕ್ಕೆ ಸಹಿ ಬೀಳುವ ಮುನ್ನ ಮನೆಯ ಹೆಣ್ಣುಮಕ್ಕಳಿಗೆ ನೋಟೀಸು ಮುಟ್ಟಲಿ. ಬೆಳೆ ಸಮೀಕ್ಷೆಯಲ್ಲಿ, ಒಡೆತನದ ಪ್ರಶ್ನೆಯನ್ನು ಬದಿಗಿಟ್ಟು, ಪರಿಹಾರದ ಮಟ್ಟಿಗಾದರೂ ಬೆಳೆದವರ ಹೆಸರನ್ನು ಗ್ರಾಮಸಭೆಯ ಮುಂದೆ ಕೇಳಿ ಬರೆದುಕೊಳ್ಳಲಿ. ಇದಕ್ಕೆ ಜಮೀನುದಾರರು ಹೆದರುತ್ತಾರೆ, 1974 ಮತ್ತೆ ಬಂತೇನೋ ಎಂದು. ಆ ಹೆದರಿಕೆಯನ್ನು ಎದುರಿಸಿ ಮಾತಾಡುವುದು ರಾಜಕೀಯದ ಕೆಲಸ. ಅದನ್ನು ತಂತ್ರಾಂಶ ಬರೆಯುವವರಿಗೆ ಒಪ್ಪಿಸಿ ಸರಕಾರ ನುಣುಚಿಕೊಳ್ಳಬಾರದು.

ಓದುಗರು ತಮ್ಮೂರಿನ ಒಂದು ಪಹಣಿ ತೆಗೆಸಿ ನೋಡಲಿ. ಒಂಬತ್ತನೇ ಕಾಲಮ್ಮನ್ನು ಎಲ್ಲರೂ ಓದುತ್ತಾರೆ. ಹನ್ನೆರಡನೆಯದನ್ನೂ ಓದಿ, ಆ ಹೊಲಕ್ಕೆ ಒಮ್ಮೆ ನಡೆದು ಹೋಗಿ, ಅಲ್ಲಿ ಬಗ್ಗಿ ಕಳೆ ಕೀಳುತ್ತಿರುವವರ ಹೆಸರನ್ನು ಕೇಳಿ ಬರಲಿ. ಎರಡೂ ಹೆಸರು ಒಂದೇ ಆಗಿದ್ದರೆ ಒಳ್ಳೆಯದು.